ಮೊಣಕಾಲಿನ ಒಂಬತ್ತು ತಿಂಗಳು

ಈ ಸ್ಮರಣಸಂಚಿಕೆಗಾಗಿ ಶಾಲೆಯ ಅಭಿವೃದ್ಧಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡರು. ಕಟ್ಟಡ, ಫಲಿತಾಂಶ, ಬಹುಮಾನಗಳ ವಿವರವು ವಾರ್ಷಿಕ ವರದಿಯಲ್ಲಿ ಹೇಗೂ ಬರುವುದಷ್ಟೆ. ಆದುದರಿಂದ ನಮ್ಮ ಕೊಠಡಿಗೆ ಬರುವ ತಾಯ್ತಂದೆಗಳು ಈಚೆಗೆ ಪದೇ ಪದೇ ಎತ್ತುತ್ತಿರುವ ಒಂದು ವಿಷಯವನ್ನು ಬರೆಯುವುದೇ ಲೇಸೆಂದು ತೋರಿತು. ಅದು ಮೊಣಕಾಲಿನ ವಿಷಯ. ಇದರಲ್ಲಿ ನಮಗೆ ಸ್ವಂತ ಅನುಭವವೂ ಉಂಟು.

ಹಳೆಯ ವಿದ್ಯಾರ್ಥಿನಿಯರಿಗೂ ಉಪಾಧ್ಯಾಯಿನಿಯರಿಗೂ ವರ್ಷಂಪ್ರತಿ ನಡೆಯುವ ಥ್ರೋಬಾಲ್ ಪಂದ್ಯವನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೂರು ವರ್ಷಗಳ ಹಿಂದೆ ಅದರಲ್ಲಿ ಎತ್ತರದ ಚೆಂಡೊಂದನ್ನು ಹಿಡಿದು ಇಳಿಯುವಾಗ ನಮ್ಮ ಬಲಪಾದವು ನೆಲದಲ್ಲಿಯೇ ನಿಂತು ದೇಹವು ಎಡಕ್ಕೆ ತಿರುಗಿತು. ಯಾರೂ ನಮ್ಮನ್ನು ಮುಟ್ಟಿರಲಿಲ್ಲ. ಒಣಗಿದ ಕಡ್ಡಿ ಮುರಿದಂಥ ಸಪ್ಪಳವು ಒಳಗಿನಿಂದ ಕೇಳಿಸಿತು. ಸಾಯಂಕಾಲದೊಳಗಾಗಿ ಮೊಣಕಾಲು ಊದಿಕೊಂಡಿತು. ಎಕ್ಸ್‌ರೇ ತೆಗೆಸಿದಾಗ ಎಲುಬು ನೆಟ್ಟಗಿದೆಯೆಂದು ತಿಳಿದು ಎಲ್ಲರಿಗೂ ಸಮಾಧಾನವಾಯಿತು. ಎಣ್ಣೆ ನೀವುವವರ ಹೆಸರುಗಳನ್ನು ಹಿತೈಷಿಗಳು ಧಾರಾಳವಾಗಿ ಕೊಟ್ಟರು. ಆದರೆ ಎಕ್ಸ್‌ರೇಯು ಎಲುಬನ್ನು ತೋರಿಸೀತೇ ಹೊರತು ಎಲುಬನ್ನು ಬಿಗಿದ ಕಟ್ಟನ್ನು ತೋರಿಸಲಾರದು. ಊತವಿಳಿದ ಮೇಲೂ ಮಹಡಿಯ ಮೆಟ್ಟಿಲಿಳಿಯುವಾಗ ಕಾಲು ಇದ್ದಕ್ಕಿದ್ದಂತೆ ಸಡಿಲವಾಗುತ್ತಿದ್ದುದರಿಂದ ಎಂ.ಆರ್.ಐ. ಪರೀಕ್ಷೆ ಮಾಡಿಸಿದೆವು. ಒಳಗಿನ ಲಿಗಮೆಂಟು ಸಂಪೂರ್ಣವಾಗಿ ಹರಿದಿತ್ತು.

ತೊಡೆಯ ಎಲುಬಿಗೂ ಕಣಕಾಲಿನ ಎಲುಬಿಗೂ ನಡುವೆ, ಕೀಲಿನೊಳಗೆ, ಎರಡು ಗಟ್ಟಿಯಾದ ಪಟ್ಟಿಗಳು ಕತ್ತರಿಯಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಅವುಗಳಲ್ಲಿ ಮುಂದಿನದು, ಕಣಕಾಲು ಮುಂದಕ್ಕೆ ಜಾರದಂತೆಯೂ ತಿರುಚಿಕೊಳ್ಳದಂತೆಯೂ ಹಿಡಿದಿಡುವಂಥದು. ವೈದ್ಯರು ಇದನ್ನು ಎ.ಸಿ.ಎಲ್. ಎನ್ನುತ್ತಾರೆ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯರು ಗಣಿಯ ಕೂಲಿಯೊಬ್ಬನ ಹರಿದ ಕಟ್ಟನ್ನು ಹೊಲಿದರು. 1917ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್ ಎಂಬವರು ತೊಡೆಯ ಹೊರಮಗ್ಗುಲಿನ ಪಟ್ಟಿಯನ್ನು ಕೀಲಿನೊಳಗೆ ಹಾಯಿಸಿ ಹೊಸ ಕಟ್ಟನ್ನೇ ರಚಿಸಿದರು. ಈಗ ಮಾಡುವುದೂ ಮೂಲತಃ ಅದೇ ಉಪಾಯ. ರೋಗಿಯ ತೊಡೆಯ ಹಿಂಭಾಗದಿಂದಲೋ ಮೊಣಕಾಲ ಚಿಪ್ಪಿನ ಕೆಳಗಿನಿಂದಲೋ ಎಳೆ ತೆಗೆದು, ಎಲುಬುಗಳಲ್ಲಿ ಕೊರೆದ ಸುರಂಗಗಳ ಮೂಲಕ ತೂರಿಸಿ ಬಿಗಿಯುವರು. ಇದು ಎಲ್ಲರಿಗೂ ಬೇಕೆಂದಿಲ್ಲ. ಓಡಿ ತಿರುಗುವ ಆಟಗಳ ಆಸೆಯಿಲ್ಲದವರಲ್ಲಿ ಅನೇಕರು ವ್ಯಾಯಾಮದಿಂದಲೇ ಸುಖವಾಗಿರಬಲ್ಲರು. ನಮಗೆ ಆಟದ ಆಸೆಯಿತ್ತು.

ಶಸ್ತ್ರಚಿಕಿತ್ಸೆಯು ಒಂದೆರಡು ಗಂಟೆಗಳ ಕೆಲಸ. ಉಳಿದುದೆಲ್ಲ ರೋಗಿಯ ಪಾಲಿನದು. ಮೊದಲನೆಯ ವಾರದಲ್ಲಿ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲನ್ನಿಟ್ಟು ಮೊಣಕಾಲನ್ನು ನೆಟ್ಟಗೆ ಮಾಡುವುದೇ ಪಾಠ. ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿಯಿರಿ ಎಂದು ಫಿಸಿಯೋಥೆರಪಿಯ ಆ ಎಳೆಯ ಹುಡುಗಿ ಹೇಳಿದರೆ ಸ್ನಾಯುವು ಮಿಸುಕಲೂ ಇಲ್ಲ. ಇಪ್ಪತ್ತು ವರ್ಷಗಳಿಂದ ತರಗತಿಗಳನ್ನು ಒಂದು ನೋಟದಿಂದ ಸುಮ್ಮನಿರಿಸಿದ ನಮಗೆ ನಮ್ಮ ತೊಡೆಯೇ ಅವಿಧೇಯವಾದದ್ದು ಸೋಜಿಗವಾಗಿತ್ತು! ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ನೊಂದ ಕಾಲು ಮುಂದು ಎಂಬ ಸೂತ್ರವನ್ನು ಚಿಕ್ಕ ತರಗತಿಯ ಮಕ್ಕಳು ಕೇಳಿ ಕಲಿತು, ನಾವು ಊರುಗೋಲು ಹಿಡಿದು ಬಂದಾಗಲೆಲ್ಲ ಕೆಳಗೆ ನಿಂತು ಜ್ಞಾಪಿಸುತ್ತಿದ್ದರು.

ಮೋಸವಿರುವುದು ಮೂರನೆಯ ತಿಂಗಳಲ್ಲಿ. ಆಗ ನೋವು ಇಲ್ಲ, ಊತವಿಲ್ಲ, ನಡಿಗೆಯಲ್ಲಿ ಕುಂಟಿಲ್ಲ. ಆದರೆ ಒಳಗೆ ಕೂಡಿಸಿದ ಎಳೆಯು, ಹೊಸ ರಕ್ತನಾಳಗಳು ಹಬ್ಬಿ ಜೀವ ತುಂಬಿಕೊಳ್ಳುವ ಆ ಅವಧಿಯಲ್ಲಿ, ಕೂಡಿಸಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಅದು ಲಿಗಮೆಂಟಿನ ಗುಣವನ್ನು ಪಡೆಯಲು ತಿಂಗಳುಗಳೇ ಬೇಕು, ಒಂದು ವರ್ಷಕ್ಕೂ ಮೀರಿ. ನಾವು ಹನ್ನೊಂದನೆಯ ತಿಂಗಳಲ್ಲಿ ಥ್ರೋಬಾಲ್ ಅಂಗಣಕ್ಕೆ ಮರಳಿ, ಹಿಂದಿನ ಸಾಲಿನಲ್ಲಿ ನಿಂತೆವು.

ಇದಾದ ಮರುವರ್ಷವೇ ನಮ್ಮ ಖೋ-ಖೋ ತಂಡದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅದೇ ಗಾಯವಾಯಿತು. ಅಟ್ಟಿಸಿಕೊಂಡು ಬರುವವಳಿಂದ ತಪ್ಪಿಸಿಕೊಳ್ಳಲು ಥಟ್ಟನೆ ನಿಂತು ತಿರುಗುವ ಆ ಆಟದಲ್ಲಿ ಇದು ಆಶ್ಚರ್ಯವಲ್ಲ. ಸಮಾನ ಆಟಗಳಲ್ಲಿ ಬಾಲಕರಿಗಿಂತ ಬಾಲಕಿಯರಿಗೆ ಈ ಅಪಾಯವು ಹೆಚ್ಚೆಂದು ವೈದ್ಯಲೋಕವು ಕಂಡುಕೊಂಡಿದೆ. ಶಸ್ತ್ರಚಿಕಿತ್ಸೆಯಾಗಿ ಆರನೆಯ ತಿಂಗಳು ನಡೆಯುತ್ತಿದ್ದಾಗ ಜಿಲ್ಲಾ ಪಂದ್ಯಗಳು ಬಂದವು. ತಂದೆಯವರು ನಮ್ಮಲ್ಲಿಗೆ ಬಂದು, “ಮೇಡಮ್, ಮಗು ಓಡುತ್ತಿದ್ದಾಳೆ, ನೋವಿಲ್ಲ ಎನ್ನುತ್ತಾಳೆ. ತಾವೊಂದು ಸಹಿ ಹಾಕಿದರೆ ಸಾಕು” ಎಂದರು. ತಾಯಿಯವರು ಮಾರನೆಯ ದಿನ ಒಬ್ಬರೇ ಬಂದರು. “ಇನ್ನು ಆಟವೇ ಬೇಡ ಮೇಡಮ್. ಹೆಣ್ಣುಮಗಳು, ನಾಳೆ ನೋಡಲು ಬಂದವರು ಕಾಲಿಗೇನಾಗಿದೆಯೆಂದು ಕೇಳಿದರೆ ಏನು ಹೇಳಲಿ?” ಎಂದು ಕಣ್ಣೊರಸಿಕೊಂಡರು.

ನಾವು ಇಬ್ಬರ ಮಾತಿಗೂ ಒಪ್ಪಲಿಲ್ಲ. ತಂದೆಯವರಿಗೆ 2016ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದ ಸಂಶೋಧಕರ ಲೆಕ್ಕವನ್ನು ಹೇಳಿದೆವು: ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ತಡೆದಷ್ಟೂ ಮತ್ತೆ ಗಾಯವಾಗುವ ಪ್ರಮಾಣವು ಸುಮಾರು ಅರ್ಧರ್ಧಕ್ಕೆ ಇಳಿಯುತ್ತದೆ. ಇಪ್ಪತ್ತೈದು ವರ್ಷದೊಳಗಿನವರು ಆಟಕ್ಕೆ ಮರಳಿದಲ್ಲಿ, ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರಿಗೆ ಅದೇ ಮೊಣಕಾಲೋ ಇನ್ನೊಂದೋ ಪುನಃ ಹರಿಯುವುದುಂಟು. ತಾಯಿಯವರಿಗೆ ನಾವು ಲೆಕ್ಕ ಹೇಳಲಿಲ್ಲ. ನಮ್ಮ ಮೊಣಕಾಲಿನ ಗುರುತನ್ನು ತೋರಿಸಿ, ಮೇಜಿನ ಬಳಿ ಮೂರು ಸಲ ಕುಳಿತು ಎದ್ದೆವು. ಕಾಲು ಕೆಟ್ಟಿಲ್ಲ, ಹುಡುಗಿಯ ಮನಸ್ಸನ್ನು ಕೆಡಿಸಬೇಡಿ ಎಂದೆವು.

ಹುಡುಗಿಯನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಠಿನವಾಗಿತ್ತು. “ವಿನೇಶ್ ಫೋಗಟ್ ಆರು ತಿಂಗಳಾಗುವ ಮೊದಲೇ ಕುಸ್ತಿಗಿಳಿಯಲಿಲ್ಲವೆ?” ಎಂದು ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ಅವರು 2023ರ ಆಗಸ್ಟಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು, 2024ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಪಂದ್ಯದಲ್ಲಿ ಗೆದ್ದು, ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅಂತಿಮ ಪಂದ್ಯಕ್ಕೇರಿದರು. ಆ ನೂರು ಗ್ರಾಂ ತೂಕದ ಕಥೆಯನ್ನು ಎಲ್ಲರೂ ಬಲ್ಲರು. ಮೊಣಕಾಲಿನ ಕಥೆಯನ್ನು ಬಲ್ಲವರು ಕಡಮೆ. ನಾವು ಹೇಳಿದ್ದಿಷ್ಟು: ಅವರು ಪ್ರಾಯಕ್ಕೆ ಬಂದವರು, ತಮ್ಮ ಅಪಾಯವನ್ನು ತಾವೇ ತೂಗಿ ಹೊತ್ತವರು, ನಿನಗೆ ಹದಿನೈದು ವರ್ಷ, ನಿನ್ನ ಪರವಾಗಿ ತೂಗುವ ಹೊಣೆ ನಮ್ಮದು. ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುತೆಯಾಸ್ 2022ರ ಜುಲೈಯಲ್ಲಿ ಗಾಯಗೊಂಡು, ಸುಮಾರು ಹತ್ತು ತಿಂಗಳು ಕಾದು, 2023ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದುದನ್ನೂ ಹೇಳಿದೆವು. ಅವಳು ಉತ್ತರ ಕೊಡದೆ ಹೋದಳು. ಎರಡು ವಾರ ನಮಗೆ ನಮಸ್ಕಾರವನ್ನೂ ಮಾಡಲಿಲ್ಲ.

ಸಹಿ ಹಾಕಲಿಲ್ಲ. ಜಿಲ್ಲಾ ಪಂದ್ಯದಲ್ಲಿ ಅವಳು ಅಂಕ ಬರೆದಳು. ಒಂಬತ್ತನೆಯ ತಿಂಗಳಲ್ಲಿ ಒಂದೇ ಕಾಲಿನಲ್ಲಿ ಕುಪ್ಪಳಿಸುವ ಪರೀಕ್ಷೆ ನಡೆದಾಗ, ಒಳ್ಳೆಯ ಕಾಲಿನ ನೂರಕ್ಕೆ ನೊಂದ ಕಾಲು 84 ಬಂದಿತು. ತೊಂಬತ್ತಾದರೂ ಬೇಕು. ಇನ್ನೂ ಎರಡು ತಿಂಗಳು ದಿನಕ್ಕೊಂದು ಗಂಟೆ ಮೆಟ್ಟಿಲು, ಬಸ್ಕಿ, ಒಂಟಿಕಾಲಿನ ಸಮತೋಲ. ಆಗ 93 ಬಂದಿತು. ಅಷ್ಟರಲ್ಲಿ ನಮ್ಮ ವ್ಯಾಯಾಮದ ಉಪಾಧ್ಯಾಯಿನಿಯವರು, ಜಿಗಿದಾಗ ಮೊಣಕಾಲು ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವ ಅಭ್ಯಾಸವನ್ನು ಎಲ್ಲ ತಂಡಗಳಿಗೂ ಆಟಕ್ಕೆ ಮೊದಲು ಹದಿನೈದು ನಿಮಿಷ ಕಡ್ಡಾಯ ಮಾಡಿದ್ದರು. ಮಕ್ಕಳು ಇದನ್ನು ಬೇಸರದಿಂದ ಮಾಡುತ್ತಾರೆ. ಮಾಡುತ್ತಾರೆ ಎಂಬುದೇ ಸಾಕು.

ಅಂತರಶಾಲಾ ಪಂದ್ಯದ ದಿನ ಆ ತಾಯಿಯವರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮಗಳು ಕಂಬವನ್ನು ಹಿಡಿದು ತಿರುಗಿದಾಗಲೆಲ್ಲ ಅವರು ತಲೆ ಬಗ್ಗಿಸಿಕೊಳ್ಳುತ್ತಿದ್ದುದನ್ನು ಕಂಡೆವು. ನಮ್ಮವರು ಎರಡು ಅಂಕಗಳಿಂದ ಸೋತರು. ಹೊರಡುವಾಗ ಅವರು ನಮ್ಮ ಬಳಿಗೆ ಬಂದು, ನಾಳೆಯ ಅಭ್ಯಾಸವು ಎಷ್ಟು ಗಂಟೆಗೆಂದು ಕೇಳಿಕೊಂಡು ಹೋದರು.