ಎರಡೂ ಕಡೆ ಬಾಗುವ ಚೆಂಡು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ಶರಣರ ವಚನಗಳ ಬಗೆಗೋ ಗಡಿನಾಡಿನ ಶಾಸನಗಳ ಬಗೆಗೋ ನಾವು ಬರೆಯುವೆವೆಂದು ಅವರು ನಿರೀಕ್ಷಿಸಿದ್ದರು. ಗಾಲ್ಫ್ ಆಟದ ಬಗೆಗೆ ಬರೆಯುತ್ತೇವೆಂದಾಗ ಚಹದ ಬಟ್ಟಲನ್ನು ಕೆಳಗಿಟ್ಟು ನಮ್ಮ ಮುಖವನ್ನೇ ನೋಡಿದರು. ಅವರ ಅಚ್ಚರಿ ಸಹಜವೇ. ಉಮರಗಾ, ನಿಲಂಗಾ, ಉದಗೀರಗಳ ಈ ಸೀಮೆ ತೊಗರಿ, ಸೋಯಾಬೀನ್ ಬೆಳೆಯುವ ಎರೆಭೂಮಿ. ಇಲ್ಲಿಯ ಹುಲ್ಲು ದನಗಳಿಗೇ ಸಾಲದು, ಇನ್ನು ಆಟಕ್ಕೆಲ್ಲಿ? ಕುಸ್ತಿ, ಕಬಡ್ಡಿ, ಚಿಣ್ಣಿದಾಂಡು, ಇವಿಷ್ಟೇ ನಾವು ಬಲ್ಲ ಆಟಗಳು. ಆದರೂ ಎಪ್ಪತ್ತು ದಾಟಿದ ಮೇಲೆ ಗಾಲ್ಫಿನ ಕೋಲು ನಮ್ಮ ಕೈಗೆ ಬಂದಿತು. ಅದರಿಂದ ನಾವು ಕಲಿತ ಒಂದು ಪಾಠವನ್ನು ಮೂವತ್ತು ವರ್ಷಗಳ ಮಾಸ್ತರಿಕೆ ನಮಗೆ ಕಲಿಸಿರಲಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಮನೆಯವರ ಮೊಣಕಾಲಿನ ಚಿಕಿತ್ಸೆಗಾಗಿ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಮೂರು ತಿಂಗಳು ಇರಬೇಕಾಯಿತು. ಹನ್ನೆರಡು ವರ್ಷದ ಮೊಮ್ಮಗ ಸಂಜೆಯ ಹೊತ್ತು ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಹೋಗುತ್ತಿದ್ದನು. ಅವನನ್ನು ಕರೆದೊಯ್ದು ಕರೆತರುವ ಕೆಲಸ ನಮ್ಮ ಪಾಲಿಗೆ ಬಂದಿತು. ಬೆಂಗಳೂರಿಗೆ ಈ ಆಟ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆಗ ಅದು ಆಂಗ್ಲ ಅಧಿಕಾರಿಗಳ ಆಟ. ಈಗ ಅದೇ ಊರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ಕಥೆ ಮಕ್ಕಳ ಬಾಯಲ್ಲಿದೆ. ಬಿಡದಿಯ ಬಳಿಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪನವರು ದೇಶದ ಹೆಸರಾಂತ ವೃತ್ತಿಪರ ಆಟಗಾರರಾಗಿದ್ದಾರೆ. ಮೊಮ್ಮಗನಿಗೆ ಕಲಿಸುತ್ತಿದ್ದವರೂ ಅಂಥದೇ ಹಳ್ಳಿಯವರು. ಬಾಲ್ಯದಲ್ಲಿ ಶ್ರೀಮಂತರ ಆಟದ ಚೀಲ ಹೊತ್ತು, ನೋಡಿ ನೋಡಿ ಕಲಿತು, ಈಗ ಪರರಿಗೆ ಕಲಿಸುವವರು. ನಾವು ನಿವೃತ್ತ ಮುಖ್ಯೋಪಾಧ್ಯಾಯರೆಂದು ತಿಳಿದೊಡನೆ ಬೆಂಚಿನ ಮೇಲೆ ಕುಳಿತಿದ್ದ ನಮ್ಮನ್ನು ಎಬ್ಬಿಸಿ, "ಬನ್ನಿ ಮೇಷ್ಟ್ರೇ, ನೀವೂ ಒಂದು ಹೊಡೀರಿ" ಎಂದು ಏಳನೆಯ ನಂಬರಿನ ಕಬ್ಬಿಣದ ಕೋಲನ್ನು ಕೈಗೆ ಕೊಟ್ಟರು.

ಮೊದಲ ದಿನ ಕೋಲು ನೆಲಕ್ಕೆ ಬಡಿಯಿತು, ಚೆಂಡು ಅಲ್ಲಿಯೇ ಉಳಿಯಿತು. ವಾರದ ನಂತರ ಚೆಂಡು ಮೇಲೆದ್ದಿತಾದರೂ ಎದುರಿನ ಕಂಬಕ್ಕೆ ಗುರಿಯಿಟ್ಟರೆ ಅದು ಬಲಕ್ಕೆ ಬಾಗಿ ಬಲೆಯ ಬಳಿ ಬೀಳುತ್ತಿತ್ತು. ಇದಕ್ಕೆ ಸ್ಲೈಸ್ ಎಂದು ಹೆಸರು. ಹೊಸಬರಲ್ಲಿ ಬಹುಪಾಲು ಜನರ ರೋಗವಂತೆ. ನಾವು ಬೇಸತ್ತು ಏನೋ ಗೊಣಗಿದಾಗ ಆ ಗುರುಗಳು ನಕ್ಕು ಹೇಳಿದರು: "ಚೆಂಡನ್ನ ಬೈಬೇಡಿ ಮೇಷ್ಟ್ರೇ. ನೀವು ಏನು ಹೇಳಿದ್ರೋ ಅದನ್ನೇ ಅದು ಮಾಡಿದೆ. ನೀವು ಏನು ಹೇಳಿದ್ರಿ ಅಂತ ನಿಮಗೇ ಗೊತ್ತಿಲ್ಲ, ಅಷ್ಟೆ."

ಚೆಂಡಿಗೆ ನಾವು ಹೇಳುವುದು ಎರಡೇ ಸಂಗತಿ. ಕೋಲು ಯಾವ ದಾರಿಯಲ್ಲಿ ಬೀಸಿ ಬಂದಿತೆಂಬುದು ಒಂದು. ತಗುಲುವ ಕ್ಷಣದಲ್ಲಿ ಅದರ ಮುಖ ಎತ್ತ ನೋಡುತ್ತಿತ್ತೆಂಬುದು ಇನ್ನೊಂದು. ಚೆಂಡು ಎತ್ತ ಹೊರಡಬೇಕೆಂಬುದನ್ನು ಬಹುಮಟ್ಟಿಗೆ, ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ, ಮುಖವೇ ನಿರ್ಧರಿಸುತ್ತದೆ. ಹೊರಟ ಮೇಲೆ ಎತ್ತ ಬಾಗಬೇಕೆಂಬುದನ್ನು ಮುಖಕ್ಕೂ ದಾರಿಗೂ ಇರುವ ಅಂತರ ನಿರ್ಧರಿಸುತ್ತದೆ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ, ಎಡಕ್ಕೆ ಮುಚ್ಚಿದ್ದರೆ ಎಡಕ್ಕೆ ಬಾಗುತ್ತದೆ. ಹಿಂದಿನ ಪುಸ್ತಕಗಳು ಬೀಸಿನ ದಾರಿಯಲ್ಲಿಯೇ ಚೆಂಡು ಹೊರಡುತ್ತದೆಂದು ಕಲಿಸುತ್ತಿದ್ದವು. ಈ ಶತಮಾನದಲ್ಲಿ ಬಂದ ರಾಡಾರ್ ಯಂತ್ರಗಳು ಅಳೆದು ನೋಡಿ ಆ ಪಾಠವನ್ನು ತಿದ್ದಿದವು. ಪಠ್ಯಪುಸ್ತಕವೂ ತಪ್ಪಬಲ್ಲುದೆಂಬುದು ಮಾಸ್ತರರಾದ ನಮಗೆ ಸುಲಭವಾಗಿ ಒಪ್ಪುವ ಮಾತಲ್ಲ, ಆದರೂ ಒಪ್ಪಿದೆವು. ಚೆಂಡು ಬಾಗುವುದಾದರೂ ಏಕೆ? ಹೊಡೆತದಿಂದ ಅದು ಹಿಂದಕ್ಕೆ ಸುತ್ತುತ್ತ ಸಾಗುತ್ತದೆ. ಆ ಸುತ್ತಿನ ಅಚ್ಚು ಒಂದು ಕಡೆ ವಾಲಿದರೆ ಗಾಳಿ ಚೆಂಡನ್ನು ಆ ಕಡೆಗೇ ಎಳೆಯುತ್ತದೆ. ಟೆನಿಸ್ ಚೆಂಡಿನಲ್ಲಿ ಇದನ್ನು ನ್ಯೂಟನ್ನನು 1672ರಷ್ಟು ಹಿಂದೆಯೇ ಗಮನಿಸಿದ್ದನು. 1852ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ ಜರ್ಮನಿಯ ಮ್ಯಾಗ್ನಸನ ಹೆಸರೇ ಈ ಪರಿಣಾಮಕ್ಕೆ ನಿಂತಿದೆ.

ಇನ್ನೆರಡು ವಾರ ಕಳೆದವು. ಕೈಹಿಡಿತ ತಿದ್ದಿ, ಚೆಂಡು ಹೆಚ್ಚುಕಡಿಮೆ ನೆಟ್ಟಗೆ ಹೋಗತೊಡಗಿತು. ನಾವು ಸಂತೋಷದಿಂದಿರುವಾಗ ಗುರುಗಳು, "ಈಗ ಬೇಕಂತಲೇ ಬಲಕ್ಕೆ ಬಾಗಿಸಿ ನೋಡೋಣ" ಎಂದರು. ಬೇಡವೆಂದಾಗ ಹದಿನೈದು ದಿನ ಕಾಡಿದ ತಪ್ಪು ಈಗ ಬೇಕೆಂದಾಗ ಬರಲೊಲ್ಲದು! ಹತ್ತು ಚೆಂಡು ಹೊಡೆದರೆ ಎಂಟು ನೆಟ್ಟಗೇ ಹೋದವು. ಮೊಮ್ಮಗ ಹೊಟ್ಟೆ ಹಿಡಿದುಕೊಂಡು ನಕ್ಕನು. ಅಂದು ತಿಳಿದದ್ದೇನೆಂದರೆ, ನಮ್ಮ ತಪ್ಪನ್ನು ನಾವು ಬಿಟ್ಟಿದ್ದೆವೇ ಹೊರತು ಅದನ್ನು ಅರಿತಿರಲಿಲ್ಲ.

ಬಲಕ್ಕೆ ಹದವಾಗಿ ಬಾಗುವ ಹೊಡೆತಕ್ಕೆ ಫೇಡ್ ಎನ್ನುತ್ತಾರೆ. ಕಾಲುಗಳನ್ನು ಗುರಿಗಿಂತ ತುಸು ಎಡಕ್ಕೆ ತಿರುಗಿಸಿ ನಿಂತು, ಚೆಂಡನ್ನು ಕೊಂಚ ಮುಂದಿಟ್ಟು, ದೇಹದ ದಾರಿಯಲ್ಲಿಯೇ ಬೀಸಿ, ಮುಖವನ್ನು ಮಾತ್ರ ದಾರಿಗೂ ಗುರಿಗೂ ನಡುವೆ ಇಡಬೇಕು. ಚೆಂಡು ಎಡಕ್ಕೆ ಹೊರಟು ಮೆಲ್ಲಗೆ ಮರಳಿ, ಎತ್ತರದಿಂದ ಇಳಿದು ಬೇಗ ನಿಲ್ಲುತ್ತದೆ. ಎಡಕ್ಕೆ ಬಾಗುವುದು ಡ್ರಾ. ಬೀಸು ಗುರಿಯ ಬಲಕ್ಕೆ ನಾಲ್ಕು ಅಂಶವಿದ್ದರೆ ಮುಖ ಎರಡೇ ಅಂಶ ಬಲಕ್ಕಿರಬೇಕು. ಗುರಿಗೆ ತೆರೆದಂತೆ, ದಾರಿಗೆ ಮುಚ್ಚಿದಂತೆ. ಚೆಂಡು ಬಲಕ್ಕೆ ಹೊರಟು ಎಡಕ್ಕೆ ಮರಳಿ, ತಗ್ಗಿನಲ್ಲಿ ಸಾಗಿ, ಬಿದ್ದ ಮೇಲೂ ಉರುಳುತ್ತದೆ. ಗುರಿಯ ಕಡೆಗೆ ಹೊಡೆಯದೆ ಗುರಿಯನ್ನು ಮುಟ್ಟಬೇಕೆಂಬುದಕ್ಕೆ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಕೊನೆ ಗಳಿಗೆಯಲ್ಲಿ ಕೈ ಹೆದರಿ ಕಂಬದತ್ತಲೇ ಎಳೆಯುತ್ತದೆ. ಗುರುಗಳು ನಮ್ಮೆದುರು ಹತ್ತು ಹೆಜ್ಜೆ ದೂರದಲ್ಲಿ ಒಂದು ಕೋಲನ್ನು ನೆಟ್ಟು, ಅದರ ಬಲಗಡೆಯಿಂದ ಚೆಂಡು ಹೊರಡಲೇಬೇಕೆಂದು ಕಟ್ಟು ಮಾಡಿದರು. ಆರು ವಾರ ಬೇಕಾಯಿತು. ಒಂದು ಸಂಜೆ ಚೆಂಡು ಕೋಲಿನ ಬಲಗಡೆಯಿಂದ ಎದ್ದು, ಅನುಮಾನಿಸಿದಂತೆ ಕ್ಷಣ ನಿಂತು, ಎಡಕ್ಕೆ ಬಾಗಿ ಕಂಬದ ಬುಡಕ್ಕೆ ಇಳಿಯಿತು. "ಮುತ್ಯಾ, ಬಾಗಿತು!" ಎಂದು ಮೊಮ್ಮಗ ಕೂಗಿದನು.

ತಪ್ಪನ್ನು ಅರಿತವನು ಅದನ್ನೇ ವಿದ್ಯೆಯಾಗಿಸಿಕೊಳ್ಳಬಲ್ಲನೆಂಬುದಕ್ಕೆ ದೊಡ್ಡವರ ಉದಾಹರಣೆಗಳುಂಟು. ಅಮೆರಿಕದ ಬೆನ್ ಹೋಗನ್ ಎಂಬ ಮಹಾನ್ ಆಟಗಾರನನ್ನು ಎಡಕ್ಕೆ ತೀರ ಬಾಗುವ ಹುಕ್ ವರ್ಷಗಟ್ಟಲೆ ಕಾಡಿತ್ತು. ಅದರ ಕಾರಣವನ್ನು ಹುಡುಕುತ್ತ ಹೋದ ಅವನು ಹದವಾದ ಫೇಡನ್ನು ತನ್ನದಾಗಿಸಿಕೊಂಡನು. ನಮ್ಮವರೇ ಆದ ಬಿ.ಎಸ್. ಚಂದ್ರಶೇಖರರನ್ನು ನೆನೆದರೂ ಸಾಕು. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಅವರು ಚೆಂಡನ್ನು ಎರಡೂ ಕಡೆ ತಿರುಗಿಸಿದರು. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಸರಣಿ ಜಯಕ್ಕೆ ಕಾರಣರಾದರು. ಆಗ ವಿದ್ಯಾರ್ಥಿಗಳಾಗಿದ್ದ ನಾವು ಉದಗೀರದ ಹೋಟೆಲೊಂದರ ರೇಡಿಯೋ ಮುಂದೆ ನಿಂತು ಆ ಸುದ್ದಿ ಕೇಳಿ ಕುಣಿದಿದ್ದೆವು. ಕುಣಿದೆವೇ ಹೊರತು ಅದರಿಂದ ಏನನ್ನೂ ಕಲಿಯಲಿಲ್ಲ.

ಡ್ರಾ ಸಿದ್ಧಿಸಿದ ಆ ಸಂಜೆ ಮನೆಗೆ ಮರಳುವಾಗ ಮೊಮ್ಮಗ, "ಮುತ್ಯಾ, ನೋಡ್ರಿ, ಸನ್ ಸೆಟ್ ಆಗ್ಲಿಕತ್ತದ" ಎಂದನು. ಮನೆಯ ಬೀದರ ಕಡೆಯ ಮಾತಿಗೆ ಶಾಲೆಯ ಇಂಗ್ಲಿಷು ಬೆರೆತಿತ್ತು. "ಸೂರ್ಯ ಮುಳುಗುತ್ತಿದ್ದಾನೆ ಎನ್ನು" ಎಂದು ತಿದ್ದಲು ಬಾಯಿ ತೆರೆದೆವು. ಮಾತು ಹೊರಡಲಿಲ್ಲ. ಮೂವತ್ತೈದು ವರ್ಷಗಳ ಹಿಂದಿನ ಇನ್ನೊಬ್ಬ ಹುಡುಗ ಕಣ್ಣೆದುರು ಬಂದು ನಿಂತನು.

ಅವನು ಕೂಲಿಯವರ ಮಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮ ಸೀಮೆಯ ಚರಿತ್ರೆಯೇ ಹಾಗಿದೆ. ನಿಲಂಗಾ, ಉದಗೀರ ತಾಲೂಕುಗಳು ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಇವು ಅಹಮದಪುರದೊಡನೆ ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದ ಜಿಲ್ಲೆಯ ಉಮರಗಾವೂ ಆ ಕಡೆಗೇ. ಕಚೇರಿ, ಶಾಲೆಗಳ ಭಾಷೆ ಬದಲಾಯಿತು, ಅಡುಗೆಮನೆಯದು ಬದಲಾಗಲಿಲ್ಲ. ಆ ಹುಡುಗನ ಮಾತಿನ ಬೀಸು ಮನೆಯದು, ಮುಖ ಶಾಲೆಯದು. ಮಾತು ಬಾಗದೆ ಏನು ಮಾಡೀತು? ತಾಲೂಕಿನ ಮರಾಠಿ ಭಾಷಣ ಸ್ಪರ್ಧೆಯಲ್ಲಿ ಅವನು "ಆಯಿ" ಎನ್ನಬೇಕಾದಲ್ಲಿ "ಅವ್ವ" ಎಂದನು. ಸಭೆ ನಕ್ಕಿತು. ಶಾಲೆಯ ಮಾನ ಹೋಯಿತೆಂದು ನಾವು ಮರುದಿನ ಅವನನ್ನು ಪಡಸಾಲೆಯಲ್ಲಿ ನಿಲ್ಲಿಸಿದೆವು. ಆ ವರ್ಷವೇ ಕನ್ನಡ ರಾಜ್ಯೋತ್ಸವದ ಸಭೆಯಲ್ಲಿ ಅವನು ಧೈರ್ಯ ಮಾಡಿ ಕನ್ನಡದಲ್ಲಿ ಮಾತನಾಡಲು ಎದ್ದನು. ಮಳೆ ಎನ್ನುವ ಬದಲು "ಪಾವೂಸ ಬಂತ್ರಿ" ಎಂದನು. ವೇದಿಕೆಯ ಮೇಲಿದ್ದ ನಾವು ಧ್ವನಿವರ್ಧಕದಲ್ಲಿಯೇ, "ಮೊದಲು ಒಂದು ಭಾಷೆಯನ್ನಾದರೂ ನೆಟ್ಟಗೆ ಕಲಿ" ಎಂದೆವು. ಮಾತು ಮುಗಿಸದೆ ಅವನು ಕೆಳಗಿಳಿದನು. ಮುಂದಿನ ಜೂನ್ ತಿಂಗಳಲ್ಲಿ ಶಾಲೆಗೆ ಬರಲಿಲ್ಲ. ನಾವು ವಿಚಾರಿಸಲೂ ಇಲ್ಲ.

ಕಳೆದ ಸುಗ್ಗಿಯಲ್ಲಿ ತೊಗರಿ ಮಾರಲು ಉದಗೀರದ ಅಡತಿಗೆ ಹೋದಾಗ ಗಾದಿಯ ಮೇಲೆ ಕುಳಿತಿದ್ದವನು ಅವನೇ. ಕೂದಲು ನರೆತಿತ್ತು. ಲಾತೂರಿನ ವ್ಯಾಪಾರಿಯೊಡನೆ ಅಚ್ಚ ಮರಾಠಿ, ಔರಾದ ಕಡೆಯ ರೈತನೊಡನೆ ಕನ್ನಡ, ಹಮಾಲನೊಡನೆ ದಖನಿ, ಫೋನಿನಲ್ಲಿ ಯಾರೊಡನೆಯೋ ತೆಲುಗು. ಒಂದು ಮಾತೂ ತಡವರಿಸಲಿಲ್ಲ. ಯಾರ ಕಡೆಗೆ ಎಷ್ಟು ಬಾಗಬೇಕೋ ಅಷ್ಟೇ ಬಾಗುತ್ತಿತ್ತು. ನಮ್ಮನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದನು. "ಗುರೂಜಿ, ಕೂಡ್ರಿ, ಚಹಾ ಕುಡೀರಿ" ಎಂದು ಉಪಚರಿಸಿದನು. ತೂಕದಲ್ಲಿ ಒಂದು ಕಾಳು ಕಡಿಮೆಯಾಗದಂತೆ ತಾನೇ ನಿಂತು ನೋಡಿದನು. ಹೊರಡುವಾಗ, "ನೀವು ಹೇಳಿದ್ದು ಇನ್ನಾ ನೆನಪದ ರೀ ಗುರೂಜಿ" ಎಂದನು. ಯಾವುದು ನೆನಪಿದೆಯೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಕ್ಷಮಿಸೆನ್ನುವ ಒಂದು ಮಾತು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. ನೆಟ್ಟಗಿನ ಮಾತನ್ನು ಜೀವಮಾನವೆಲ್ಲ ಕಲಿಸಿದವರು ನಾವು!

ಭಾಷೆಯಲ್ಲಿ ತಪ್ಪೆಂಬುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ನೆಟ್ಟಗೆ ಹೊಡೆಯಲು ಬಾರದವನಿಗೆ ಬಾಗಿಸುವುದೂ ಬಾರದು. ವ್ಯಾಕರಣ ಬೇಕು, ತಿದ್ದುವವರೂ ಬೇಕು. ಆದರೆ ತಿದ್ದುವ ಮೊದಲು, ಮಾತು ಏಕೆ ಬಾಗಿತೆಂದು ಕೇಳುವ ತಾಳ್ಮೆ ಬೇಕು. ಬಿಡದಿ ಕಡೆಯ ಆ ಗುರುಗಳು ನಮ್ಮ ಚೆಂಡನ್ನು ಒಮ್ಮೆಯೂ ನಿಂದಿಸಲಿಲ್ಲ. ಅದು ಬಿದ್ದ ಜಾಗವನ್ನು ನೋಡಿ ನಮ್ಮ ಕೈಯನ್ನು ಓದಿದರು. ಬಿ.ಎ., ಬಿ.ಎಡ್. ಮಾಡಿದ ನಾವು ಆ ಓದನ್ನು ಕಲಿತಿರಲಿಲ್ಲ.

ಈ ಸಂಚಿಕೆ ಆ ಶಿಷ್ಯನ ಕೈಗೆ ಸಿಕ್ಕರೂ ಅವನು ಓದಲಾರನು. ಅವನು ಮಾತನಾಡುವುದು ಕನ್ನಡವಾದರೂ ಕಲಿತ ಅಕ್ಷರ ಮರಾಠಿಯದು. ಆದುದರಿಂದ ಸಮ್ಮೇಳನ ಮುಗಿದ ಮೇಲೆ ನಾವೇ ಒಂದು ಪ್ರತಿಯನ್ನು ಹಿಡಿದುಕೊಂಡು ಉದಗೀರಕ್ಕೆ ಹೋಗಿ, ಅಡತಿಯಲ್ಲಿ ಕುಳಿತು ಇದನ್ನು ಓದಿ ಹೇಳಬೇಕೆಂದಿದ್ದೇವೆ. ಆಗಲೂ ನಮ್ಮ ಬಾಯಿ ಕಟ್ಟಿದರೆ, ಆ ಕಡೆ ಹೋಗುವ ಓದುಗರು ಯಾರಾದರೂ ಅವನಿಗೆ ತಿಳಿಸಬೇಕು: ಅಂದು ತಪ್ಪು ಹೊಡೆದವರು ಗುರೂಜಿ, ನೀನಲ್ಲ.