ಅವ್ವನ ಹಾಲಿನ ಪುಸ್ತಕ

ಬರ್ಮಿಂಗ್‌ಹ್ಯಾಮಿಗೆ ಬಂದ ಮೊದಲ ಮೂರು ತಿಂಗಳು ನಾನು ಓದಿದ್ದಕ್ಕಿಂತ ಗುಣಿಸಿದ್ದೇ ಜಾಸ್ತಿ. ಕಣ್ಣಿಗೆ ಬಿದ್ದದ್ದನ್ನೆಲ್ಲ 110ರಿಂದ ಗುಣಿಸೋದು. ಬಸ್ಸಿಗೆ 2 ಪೌಂಡು, ಅಂದ್ರೆ 220 ರೂಪಾಯಿ. ನಾನು ಚಿಕ್ಕಯ್ಯನಛತ್ರದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಓಡಾಡ್ತಿದ್ದವಳು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದ್ರೆ ಸಾಕು, ಸೊನ್ನೆ ರೂಪಾಯಿ ಟಿಕೆಟ್ಟು. ಅಂಥವಳಿಗೆ ಒಂದು ಸಲ ಬಸ್ ಹತ್ತೋಕೆ 220 ರೂಪಾಯಿ ಕೊಡು ಅಂದ್ರೆ ಕೈ ಬರುತ್ತಾ? ನಲವತ್ತು ನಿಮಿಷ ನಡ್ಕೊಂಡೇ ಕ್ಲಾಸಿಗೆ ಹೋಗ್ತಿದ್ದೆ. ಮಳೆ ಬಂದ್ರೆ ನೆನ್ಕೊಂಡು.

ಓದೋಕೆ ಬಂದದ್ದು ಬಿಸಿನೆಸ್ಸು, ಒಂದು ವರ್ಷದ ಎಂ.ಎಸ್‌ಸಿ. ನಂಜನಗೂಡಲ್ಲಿ ಬಿ.ಕಾಂ. ಮುಗಿಸಿ, ಮೈಸೂರಿನ ಒಂದು ಆಡಿಟರ್ ಆಫೀಸಲ್ಲಿ ಎರಡು ವರ್ಷ ಬೇರೆಯವರ ಲೆಕ್ಕ ಬರೆದು, 2024ರ ಸೆಪ್ಟೆಂಬರಲ್ಲಿ ಹೊರಟೆ. ಹೊರಡೋ ದಿನ ಪಕ್ಕದ ಮನೆ ಅಜ್ಜಿ, "ಯಾಪಾರ ಕಲಿಯಕ್ಕ ಅಷ್ಟು ದೂರ ಯಾಕವ್ವ? ಸಂತೇಲಿ ನಾಕು ವಾರ ಕೂತ್ಕಂಡ್ರ ಬತ್ತದ" ಅಂದ್ಲು. ಎಲ್ರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎಷ್ಟೋ ಸಲ ಆ ಮಾತು ನೆನಪಾಗಿದೆ.

ತಾತನ ಒಂದೂವರೆ ಎಕರೆ ಅಡ ಇಟ್ಟು ಬ್ಯಾಂಕಲ್ಲಿ 22 ಲಕ್ಷ ಸಾಲ ಮಾಡಿದ್ವಿ. ಫೀಸನ್ನ ಬ್ಯಾಂಕಿನವರೇ ಕಟ್ಟಿದ್ರು, ಖರ್ಚಿನ ದುಡ್ಡು ಕಂತಲ್ಲಿ ಬರೋದು. ವೀಸಾಕ್ಕೆ 490 ಪೌಂಡು. ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ತೋರಿಸ್ಕೊಳ್ಳೋಕೆ ಅಂತ ಮುಂಚೇನೇ ಕಟ್ಟೋ ಹೆಲ್ತ್ ಸರ್ಚಾರ್ಜು 1,164 ಪೌಂಡು. ಒಂದು ಸೀನೂ ಸೀನದೆ ಆಸ್ಪತ್ರೆಗೆ ಒಂದೂಕಾಲು ಲಕ್ಷದ ಮೇಲೆ ಕಟ್ಟಿ ಬಂದವಳು ನಾನು!

ಬಂದು ಮೂರು ವಾರ ಸೀನಿಯರ್ ಒಬ್ಬಳ ರೂಮಲ್ಲಿ ನೆಲದ ಮೇಲೆ ಹಾಸ್ಕೊಂಡು ಮಲಗಿದ್ದೆ. ರೂಮೇನೋ ಸಿಕ್ತು, ತಿಂಗಳಿಗೆ 425 ಪೌಂಡು. ಆದ್ರೆ ಆಗ ಬಾಡಿಗೆ ಮನೆ ಬೇಕು ಅಂದ್ರೆ ಇಲ್ಲಿನವರು ಯಾರಾದ್ರೂ ಜಾಮೀನು ನಿಲ್ಲಬೇಕಿತ್ತು, ಇಲ್ಲಾಂದ್ರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಮುಂಗಡ ಕೊಡಬೇಕಿತ್ತು. ನನಗೆ ಇಲ್ಲಿ ಜಾಮೀನು ನಿಲ್ಲೋರು ಯಾರು? 2,550 ಪೌಂಡು ಬೇಕು, ಕೈಲಿದ್ದದ್ದು 1,800. ಮಿಕ್ಕ 750ಕ್ಕೆ ಮನೆಗೆ ಫೋನ್ ಮಾಡ್ದೆ. ಅಪ್ಪ ಮಾತಾಡ್ಲಿಲ್ಲ. ಅವ್ವ ಮಾತ್ರ, "ಸಂಘದಲ್ಲಿ ಕೇಳ್ತೀನಿ ಕನ ಕೂಸು, ನೀ ಯೋಚ್ನ ಮಾಡ್ಬ್ಯಾಡ" ಅಂದ್ಲು. ವಿಜಯದಶಮಿ ದಿನ, ಅಕ್ಟೋಬರ್ 12ಕ್ಕೆ, 82,500 ರೂಪಾಯಿ ಬಂತು. ಸಂಘದವರು ಎಷ್ಟು ಒಳ್ಳೆಯವರು ಅಂದ್ಕೊಂಡೆ.

ರೂಮಾಯ್ತು. ಅಡುಗೆಮನೆ ಐದು ಜನಕ್ಕೆ ಒಂದು. ಮೊದಲನೇ ದಿನ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆ ಅಲಾರಂ ಕಿರುಚಿಕೊಳ್ತು, ಐದೂ ಜನ ಚಪ್ಪಲಿ ಇಲ್ದೆ ಬೀದೀಲಿ ನಿಂತ್ವಿ. ಅವತ್ತಿಂದ ಒಗ್ಗರಣೆ ಅಂದ್ರೆ ಮೊದಲು ಕಿಟಕಿ ತೆಗೆಯೋದು, ಆಮೇಲೆ ಎಣ್ಣೆ ಇಡೋದು. ಮುದ್ದೆ ಕೋಲು ತರೋಕೆ ಮರೆತಿದ್ದೆ, ಮರದ ಸೌಟಲ್ಲೇ ತಿರುವಿದೆ. ತಂದಿದ್ದ ಐದು ಕೆಜಿ ರಾಗಿ ಹಿಟ್ಟು ಮುಗಿದಾಗ ಶ್ರೀಲಂಕಾದವರ ಅಂಗಡೀಲಿ ಹುಡುಕಿದೆ. ಅಲ್ಲಿ ಅದರ ಹೆಸರು ಕುರಕ್ಕನ್. ಹೆಸರು ಯಾವುದಾದ್ರೇನು, ಬಣ್ಣ ಅದೇ, ಗಂಟಲಲ್ಲಿ ಇಳಿಯೋ ರೀತಿ ಅದೇ.

ಶನಿವಾರ ಬುಲ್ ರಿಂಗ್ ಮಾರ್ಕೆಟ್ಟಿಗೆ ಹೋಗ್ತಿದ್ದೆ. ಒಂದು ಬೋಗುಣಿ ತುಂಬ ಟೊಮೇಟೊ ಒಂದು ಪೌಂಡು ಅಂತ ಕೂಗ್ತಾರೆ, ಥೇಟ್ ನಮ್ಮ ಸಂತೇನೇ. ಹಿಂದಿನ ಕಾಲದಲ್ಲಿ ಅಲ್ಲಿ ಗೂಳಿಯನ್ನ ಕಬ್ಬಿಣದ ಬಳೆಗೆ ಕಟ್ಟಿ ನಾಯಿ ಬಿಡ್ತಿದ್ರಂತೆ, ಹಂಗಾಗಿ ಆ ಹೆಸರು. ಈಗ ಒಂದು ದೊಡ್ಡ ಕಂಚಿನ ಗೂಳಿ ನಿಲ್ಸಿದ್ದಾರೆ, ಮಕ್ಕಳು ಅದನ್ನ ತಬ್ಬಿ ಫೋಟೊ ತೆಗೆಸ್ಕೊಳ್ತಾವೆ. ನಾನೂ ಒಂದು ತೆಗೆಸಿ ಮನೆಗೆ ಕಳಿಸಿದೆ. ಅವ್ವ ನೋಡಿ, "ಎಷ್ಟು ಸಂದಾಗಿ ಸಾಕವ್ರ" ಅಂದ್ಲು. ಆ ಫೋಟೊ ನೋಡಿ ಅವಳಿಗೆ ಏನನ್ನಿಸಿತ್ತೋ ಆಗ ನನಗೆ ಗೊತ್ತಿರಲಿಲ್ಲ.

ಕ್ಲಾಸಲ್ಲಿ ಮೊದಮೊದಲು ಬಾಯೇ ಬಿಡ್ತಿರಲಿಲ್ಲ. ನಾನು ಬರೋದಕ್ಕೆ ಒಂದು ವರ್ಷ ಮುಂಚೆ, 2023ರ ಸೆಪ್ಟೆಂಬರಲ್ಲಿ, ಈ ಊರಿನ ಸಿಟಿ ಕೌನ್ಸಿಲ್ಲೇ ದುಡ್ಡಿಲ್ಲ, ಅಗತ್ಯ ಇಲ್ಲದ ಖರ್ಚೆಲ್ಲ ಬಂದ್ ಅಂತ ನೋಟಿಸು ಹೊರಡಿಸಿತ್ತು. ಮೇಷ್ಟ್ರು ಅದನ್ನೇ ಹಿಡ್ಕೊಂಡು ಎರಡು ಕ್ಲಾಸು ಮಾಡಿದ್ರು. ಲೆಕ್ಕದಲ್ಲಿ ಕಾಣದ ಸಾಲವೇ ಮನೆ ಮುಳುಗಿಸೋದು ಅಂದ್ರು. ಚೆನ್ನಾಗಿ ಬರ್ಕೊಂಡೆ. ನಮ್ಮನೆ ವಿಷಯ ಅಂತ ಅನ್ನಿಸಲೇ ಇಲ್ಲ.

ನವೆಂಬರಲ್ಲಿ ಮ್ಯಾನೇಜ್‌ಮೆಂಟ್ ಅಕೌಂಟಿಂಗಿನ ಅಸೈನ್‌ಮೆಂಟ್ ಬಂತು. ನಿಮಗೆ ಹತ್ತಿರದಿಂದ ಗೊತ್ತಿರೋ ಒಂದು ಸಣ್ಣ ವ್ಯಾಪಾರ ತಗೊಂಡು ಅದರ ಖರ್ಚು-ಲಾಭದ ಲೆಕ್ಕ ಬಿಡಿಸಿ ಅಂತ. ನೈಜೀರಿಯಾದ ಗೆಳತಿ ತನ್ನಮ್ಮನ ಬಟ್ಟೆ ಅಂಗಡಿ ತಗೊಂಡ್ಲು. ಚೀನಾದ ಹುಡುಗ ಟೀ ಅಂಗಡಿ. ನನಗೆ ಗೊತ್ತಿದ್ದ ವ್ಯಾಪಾರ ಒಂದೇ. ನಮ್ಮ ಕೊಟ್ಟಿಗೇಲಿದ್ದ ಎರಡು ಸೀಮೆಹಸು, ಗೌರಿ ಮತ್ತೆ ಕೆಂಚಿ. ಎರಡು ಹೊತ್ತೂ ಡೈರಿಗೆ ಹಾಲು ಹಾಕೋದು. ಹೇಳೋಕೆ ನಾಚಿಕೆ ಆಯ್ತು, ಆದ್ರೂ ಬರೆದುಕೊಟ್ಟೆ. ಮೇಷ್ಟ್ರು, ಒಳ್ಳೇದು, ದಾಖಲೆ ಇದ್ರೆ ಅದನ್ನೂ ಸೇರಿಸು ಅಂದ್ರು.

ದಾಖಲೆ ಅಂದ್ರೆ ಡೈರಿಯವರು ಕೊಟ್ಟಿರೋ ಹಾಲಿನ ಪುಸ್ತಕ. ದಿನಾ ಎಷ್ಟು ಲೀಟರು, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು, ಎಲ್ಲಾ ಅದ್ರಲ್ಲಿರುತ್ತೆ. ಅವ್ವನ ಕೇಳಿದ್ರೆ, "ಅದೆಲ್ಲಿ ಬಿದ್ದದೋ, ಹುಡುಕ್ಬೇಕು" ಅಂತ ಎರಡು ವಾರ ತಳ್ಳಿದ್ಲು. ಡಿಸೆಂಬರಲ್ಲಿ ತಮ್ಮನಿಗೆ ಹೇಳಿ ವಾಟ್ಸ್ಯಾಪಲ್ಲಿ ಫೋಟೊ ತರಿಸ್ಕೊಂಡೆ. ಕ್ರಿಸ್‌ಮಸ್ ರಜ, ಮನೇಲಿ ಯಾರೂ ಇಲ್ಲ, ನಾಲ್ಕು ಗಂಟೆಗೇ ಕತ್ತಲು. ಕಂಬಳಿ ಹೊದ್ದುಕೊಂಡು ಒಂದೊಂದೇ ಪುಟ ಎಕ್ಸೆಲ್ಲಿಗೆ ಹಾಕ್ತಾ ಬಂದೆ. ಆಗಸ್ಟಲ್ಲಿ ದಿನಕ್ಕೆ 18 ಲೀಟರು. ಸೆಪ್ಟೆಂಬರಲ್ಲಿ 18, 17, 18. ಅಕ್ಟೋಬರ್ 9ರ ತನಕ ಅದೇ. 10ರಿಂದ 8. ಆಮೇಲೆ ಕೊನೇ ಪುಟದ ತನಕ 8, 9, 8.

ಆಗಲೇ ಫೋನ್ ಮಾಡ್ದೆ. ಊರಲ್ಲಿ ರಾತ್ರಿ ಹತ್ತು ಗಂಟೆ.

"ಅವ್ವ, ಹಾಲು ಯಾಕೆ ಅರ್ಧ ಆಗದೆ?"

"ಗೌರಿ ಗಬ್ಬ ಕನ ಕೂಸು. ಹಾಲು ನಿಲ್ಸ್‌ಬುಟ್ಟದ."

ಅವ್ವ ಮರೆತಿದ್ದಳು, ನಾನೂ ಅದೇ ಕೊಟ್ಟಿಗೇಲಿ ಬೆಳೆದವಳು ಅಂತ. ಗೌರಿ ಕರು ಹಾಕಿದ್ದು ಆಷಾಢದಲ್ಲಿ. ಗಿಣ್ಣು ತಿಂದೇ ನಾನು ವಿಮಾನ ಹತ್ತಿದ್ದು. ಹಸು ಒಂಬತ್ತು ತಿಂಗಳು ಹೊರುತ್ತೆ, ಹಾಲು ನಿಲ್ಲಿಸೋದು ಕರು ಹಾಕೋಕೆ ಎರಡು ತಿಂಗಳು ಮುಂಚೆ. ಆಷಾಢದಲ್ಲಿ ಈದ ಹಸು ದಸರಾಕ್ಕೆ ಹಾಲು ನಿಲ್ಲಿಸೋಕೆ ಯಾವ ಲೆಕ್ಕದಲ್ಲೂ ಸಾಧ್ಯ ಇಲ್ಲ.

"ಸುಳ್ಳು ಹೇಳ್ಬ್ಯಾಡ ಅವ್ವ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಮಾರ್ಬುಟ್ಟೆ ಮಗ" ಅಂದ್ಲು. "ಎಂಬತ್ತು ಸಾವ್ರಕ್ಕ. ಕರೂನೂ ಹೊಡ್ಕಂಡು ಹೋದ್ರು. ಮಿಕ್ಕಿದ್ದು ಎರಡೂವರ ಸಾವ್ರ, ಅದು ಮಾತ್ರ ಸಂಘದ್ದು. ನೀ ನೆಲದ ಮ್ಯಾಲ ಮಲಗಿದ್ದೀ ಅಂದ್ಯಲ್ಲ, ನಂಗ ನಿದ್ದ ಬರ್ನಿಲ್ಲ."

ಬೈಬೇಕು ಅನ್ನಿಸ್ತು, ಬಾಯಿ ಬರಲಿಲ್ಲ. ಯಾಕಂದ್ರೆ ನಾನೂ ಸುಳ್ಳು ಹೇಳಿದ್ದೆ. ಪಾರ್ಟ್‌ಟೈಮ್ ಕೆಲಸ ಸಿಕ್ಕಿದೆ, ಕೈ ಖರ್ಚಿಗೆ ಸಾಕಾಗುತ್ತೆ ಅಂತ ಅಕ್ಟೋಬರಿಂದ ಹೇಳ್ತಾ ಬಂದಿದ್ದೆ. ಮೂವತ್ತಾರು ಕಡೆ ಅರ್ಜಿ ಹಾಕಿದ್ದೆ, ಒಂದೂ ಸಿಕ್ಕಿರಲಿಲ್ಲ. ಅವತ್ತು ಅದನ್ನೂ ಹೇಳಿಬಿಟ್ಟೆ. ನಡ್ಕೊಂಡು ಹೋಗೋದು, ಮಧ್ಯಾಹ್ನ ಉಣ್ಣದೆ ಇರೋದು, ಎಲ್ಲ. ಅವ್ವ ಅತ್ತಳು, ನಾನೂ ಅತ್ತೆ. ಕೊನೇಗೆ ಅವಳೇ, "ಇನ್ನ ಮ್ಯಾಲ ಸುಳ್ಳು ಬ್ಯಾಡ ಕನ. ಇಬ್ರಿಗೂ ಲೆಕ್ಕ ತಪ್ಪೋಯ್ತದ" ಅಂದ್ಲು.

ಅಸೈನ್‌ಮೆಂಟ್ ಮುಗಿಸಲೇಬೇಕಿತ್ತು. ಎರಡು ಹಸು ಇದ್ದ ತಿಂಗಳನ್ನೇ ತಗೊಂಡೆ. ದಿನಕ್ಕೆ 18 ಲೀಟರು, ತಿಂಗಳಿಗೆ 540. ಡೈರಿಯವರದು ಲೀಟರಿಗೆ 33 ರೂಪಾಯಿ, ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ. ಒಟ್ಟು ಬಂದದ್ದು 20,520. ಖರ್ಚಲ್ಲಿ ಫೀಡಿಗೆ 7,020, ಬೂಸಾಕ್ಕೆ 2,500, ಒಣಹುಲ್ಲಿಗೆ 2,500, ಡಾಕ್ಟ್ರು ಔಷಧಿ ಅಂತ 600. ಕಳೆದ್ರೆ 7,900 ಲಾಭ. ನಮ್ಮನೇಲಿ ಯಾವಾಗಲೂ ಮಾಡ್ತಿದ್ದ ಲೆಕ್ಕ ಇದೇ. ಇದರಲ್ಲೇ ನನ್ನ ಬಿ.ಕಾಂ. ಆಯ್ತು ಅಂತ ಅಪ್ಪ ನೆಂಟರ ಮುಂದೆ ಹೇಳೋನು.

ಆದ್ರೆ ಕ್ಲಾಸಲ್ಲಿ ಕಲಿಸಿದ್ರಲ್ಲ, ಮಾಲೀಕರು ಮಾಡೋ ಕೆಲಸಕ್ಕೂ ಬೆಲೆ ಕಟ್ಟಿ ಖರ್ಚಿಗೆ ಸೇರಿಸಬೇಕು ಅಂತ. ಅವ್ವನ್ನ ಕೇಳ್ದೆ, ದಿನಕ್ಕೆ ಹಸು ಹಿಂದೆ ಎಷ್ಟು ಹೊತ್ತು ಅಂತ. "ಐದೂವರಗ ಎದ್ದು ಸಗಣಿ ಬಾಚಿ, ಕರ್ದು, ಡೈರಿಗ ಹಾಕ್ಬುಟ್ಟು ಬರೋಷ್ಟ್ರಲ್ಲಿ ಎಂಟು. ಹುಲ್ಲು ಕುಯ್ಯಕ್ಕ ಎಲ್ಡು ಗಂಟ. ಸಂಜಕ ಇನ್ನೊಂದೂವರ." ಆರು ಗಂಟೆ. ತಿಂಗಳಿಗೆ 180 ಗಂಟೆ. ಎಂಟು ಗಂಟೆಗೆ ಒಂದು ಆಳು ಅಂದ್ರೆ ಇಪ್ಪತ್ತೆರಡೂವರೆ ಆಳು. ಉದ್ಯೋಗ ಖಾತ್ರಿ ಕೂಲಿ ಆ ವರ್ಷ ದಿನಕ್ಕೆ 349. ಒಟ್ಟು 7,852. ಉಳಿದ ಲಾಭ 48 ರೂಪಾಯಿ.

ಮೂರು ಸಲ ತಾಳೆ ನೋಡ್ದೆ. 48 ರೂಪಾಯೇ.

ಸುಮ್ನೆ ಅಂತ ಇಲ್ಲಿನ ಕೂಲಿಯಲ್ಲೂ ಹಾಕಿ ನೋಡ್ದೆ. ಗಂಟೆಗೆ 11.44 ಪೌಂಡು, 180 ಗಂಟೆಗೆ 2,059 ಪೌಂಡು, ಎರಡೂಕಾಲು ಲಕ್ಷ. ಅವ್ವ ಬರ್ಮಿಂಗ್‌ಹ್ಯಾಮಲ್ಲಿ ಸಗಣಿ ಬಾಚಿದ್ರೆ ನಾವು ಸಾಹುಕಾರರು!

ಸಂಕ್ರಾಂತಿ ದಿನ ಕಿಚ್ಚು ಹಾಯಿಸೋ ಹೊತ್ತಿಗೆ ವಿಡಿಯೊ ಕಾಲ್ ಮಾಡಿದ್ರು. ಇಲ್ಲಿ ಮಧ್ಯಾಹ್ನ ಒಂದು ಗಂಟೆ. ಈ ಸಲ ಮುಚ್ಚುಮರೆ ಇಲ್ಲ, ತಮ್ಮ ಖಾಲಿ ಗೂಟನೂ ತೋರಿಸಿದ. ಕೆಂಚಿಗೆ ಮೈತುಂಬ ಅರಿಶಿನ, ಕೊಂಬಿಗೆ ಬಣ್ಣ. ಒಬ್ಬಳೇ ಬೆಂಕಿ ದಾಟಿದ್ಲು. ಆಮೇಲೆ ಅವ್ವನಿಗೆ ಲೆಕ್ಕ ಓದಿ ಹೇಳ್ದೆ.

"ನನ್ಗೂ ಕೂಲಿ ಹಾಕ್ಬುಟ್ಯಾ? ಹಂಗಾರ ಲಾಭ ಎಲ್ಲುಳೀತದ?"

"ನಲವತ್ತೆಂಟು ರೂಪಾಯಿ ಅವ್ವ."

"ಹಂಗಾರ ನಿನ್ನ ಬಿ.ಕಾಂ. ಫೀಜು ಎಲ್ಲಿಂದ ಬಂತು?"

"ನಿನ್ನ ಕೂಲಿಯಿಂದ."

ಅವ್ವ ಪಕ್ಕಕ್ಕೆ ತಿರುಗಿ, "ಕೇಳುಸ್ಕಂಡ್ರಾ?" ಅಂತ ಅಪ್ಪನ್ನ ಕೇಳಿದ್ಲು. ಅಪ್ಪ ಏನೋ ಹುಲ್ಲು ಸರಿಮಾಡೋ ಹಾಗೆ ಆ ಕಡೆ ಹೋದ.

ಅದೇ ತಿಂಗಳು ಒಂದು ಕಾಫಿ ಅಂಗಡೀಲಿ ಕೆಲಸ ಸಿಕ್ತು, ವಾರಕ್ಕೆ 16 ಗಂಟೆ. ಓದೋ ದಿನಗಳಲ್ಲಿ 20 ಗಂಟೆ ದಾಟೋ ಹಾಗಿಲ್ಲ. ಹಾಲು ಕಾಯಿಸೋದು, ನೊರೆ ಬರಿಸೋದು ನನ್ನ ಕೆಲಸ. ಜಗ್ಗಲ್ಲಿ ಮಿಕ್ಕಿದ ಹಾಲನ್ನ ಸಿಂಕಿಗೆ ಸುರಿಯಬೇಕು, ಅದು ನಿಯಮ. ಮೊದಲ ವಾರ ಕೈ ನಡುಗ್ತಿತ್ತು. ಆಮೇಲೆ ಪ್ರತಿ ಕಪ್ಪಿಗೆ ಎಷ್ಟು ಬೇಕೋ ಅಷ್ಟೇ ಅಳತೆಗೆ ಹುಯ್ಯೋದು ಕಲಿತೆ. ಮ್ಯಾನೇಜರು, ನಿನ್ನ ಪಾಳೀಲಿ ಹಾಲು ಕಮ್ಮಿ ಖರ್ಚಾಗುತ್ತೆ, ಹೆಂಗೆ ಅಂದಳು. ನಮ್ಮವ್ವನಿಂದ ಅಂದೆ.

ಆ ಹೊತ್ತಿಗೆ 110ರಿಂದ ಗುಣಿಸೋದು ನಿಂತುಹೋಗಿತ್ತು. ಯಾವತ್ತು ನಿಂತಿತೋ ಗೊತ್ತಿಲ್ಲ. ಮಳೆ ಬಂದ ದಿನ ಬಸ್ ಹತ್ತಿದೆ, ಮಧ್ಯಾಹ್ನ ಬುತ್ತಿ ಕಟ್ಕೊಂಡು ಹೋದೆ. ದುಡ್ಡು ಹೆಚ್ಚಾಗಿರಲಿಲ್ಲ, ಸಾಲ ಹಾಗೇ ಇತ್ತು. ಆದ್ರೆ ಯಾವುದಕ್ಕೆ ಎಷ್ಟು ಅನ್ನೋದು ಎರಡೂ ಕಡೆ ಗೊತ್ತಿತ್ತು. ಉಪವಾಸ ಇದ್ದು ಉಳಿಸಿದ್ರೆ ಅದು ಉಳಿತಾಯ ಅಲ್ಲ, ಇನ್ನೊಂದು ಕಾಣದ ಸಾಲ.

ಹೋದ ಸೆಪ್ಟೆಂಬರಲ್ಲಿ ಕೋರ್ಸ್ ಮುಗೀತು. ಇನ್ನೆರಡು ವರ್ಷ ಇಲ್ಲೇ ಕೆಲಸ ಮಾಡೋ ವೀಸಾ ಹಾಕಿದ್ದೀನಿ, ಸಾಲ ತೀರಬೇಕಲ್ಲ. ಕಾಫಿ ಅಂಗಡಿ ದುಡ್ಡಲ್ಲಿ ಉಳಿಸಿ ಕಳಿಸಿದ್ದಕ್ಕೆ ಅವ್ವ ಒಂದು ಕಡಸು ತಂದವಳೆ. ಗೌರಿ ಅಂತಲೇ ಹೆಸರಿಡು ಅಂದೆ. "ಬ್ಯಾಡ, ಆ ಗೌರಿ ಎಲ್ಲೋ ಚೆಂದಾಗಿದ್ದಾಳು" ಅಂದ್ಲು. ಇನ್ನೂ ಹೆಸರಿಟ್ಟಿಲ್ಲ.

ಇಲ್ಲಿ ನಡುರಾತ್ರಿ ಆದಾಗ ಅಲ್ಲಿ ಅವ್ವ ಎದ್ದು ಕೊಟ್ಟಿಗೆ ದೀಪ ಹಾಕ್ತಾಳೆ. ನಾನು ಬೆಳಗ್ಗೆ ಏಳೋ ಹೊತ್ತಿಗೆ ಹಾಲಿನ ಪುಸ್ತಕದ ಫೋಟೊ ಬಂದಿರುತ್ತೆ. ತಮ್ಮ ದಿನಾ ಕಳಿಸಬೇಕು, ಅದು ಅವ್ವ ಮಾಡಿದ ಕಾನೂನು. ಮೊನ್ನೆ ಬಂದದ್ರಲ್ಲಿ ಲೀಟರಿನ ಪಕ್ಕ ಹೊಸದಾಗಿ ಪೆನ್ಸಿಲಲ್ಲಿ ಒಂದು ಗೆರೆ ಎಳೆದಿತ್ತು. ನಾಲ್ಕನೇ ಕ್ಲಾಸಿನ ತನಕ ಓದಿದ ಅವ್ವನ ದಪ್ಪ ಅಕ್ಷರ. "ನನ್ನ ಕೂಲಿ" ಅಂತ ಮೇಲೆ. ಕೆಳಗೆ ಎಲ್ಲಾ ದಿನಕ್ಕೂ ಒಂದೇ ಮಾತು, "ಬಾಕಿ".