ಭಾವನ ಕೋಲುಗಳು

ಕ್ರಿಕೆಟ್ ಬ್ಯಾಟು ಸೀಳಿದರೆ ಬಚ್ಚಲೊಲೆಗೆ ಹೋಗುತ್ತದೆ. ಟೆನಿಸ್ ರ‍್ಯಾಕೆಟ್ಟಿನ ತಂತಿ ಹರಿದರೆ ಅಟ್ಟ ಸೇರುತ್ತದೆ. ಆಟ ಮುಗಿಸಿದ ಸಾಮಾನಿಗೆ ಮನೆಯಲ್ಲಿ ಅಷ್ಟೇ ಮರ್ಯಾದೆ. ಆದರೆ ಅಮೆರಿಕದ ಪೂಲ್ ಆಟದ ಕೋಲುಗಳಲ್ಲಿ, ಅಂದರೆ ಕ್ಯೂಗಳಲ್ಲಿ, ಒಂದು ಜಾತಿಯಿದೆ. ಅದಕ್ಕೆ ನಿವೃತ್ತಿಯಾದ ಮೇಲೆಯೇ ಸಂಬಳ ಏರುವುದು. ಮಾಡಿದವನು ಸತ್ತಿರಬೇಕು, ಅವನು ಮಾಡಿದ್ದು ಕಡಿಮೆ ಇರಬೇಕು, ಕೊಂಡವನು ಹೆಚ್ಚು ಆಡಿರಬಾರದು. ಇಷ್ಟು ಕೂಡಿಬಂದರೆ 58 ಅಂಗುಲದ ಒಂದು ಮರದ ಕೋಲಿಗೆ ಹತ್ತಾರು ಸಾವಿರ ಡಾಲರ್ ಎಣಿಸಿ ಕೊಡುವವರಿದ್ದಾರೆ.

ನಮ್ಮ ಭಾವ ಅಷ್ಟು ದೊಡ್ಡ ಕುಳವಲ್ಲ. ಆದರೆ ಹುಚ್ಚು ಮಾತ್ರ ಅದೇ. ತೀರ್ಥಹಳ್ಳಿಯಲ್ಲಿ ಕೇರಂ ಬೋರ್ಡಿಗೆ ಬೋರಿಕ್ ಪೌಡರ್ ಉದುರಿಸಿಕೊಂಡು ಬೆಳೆದವರು, ಎಂಜಿನಿಯರಿಂಗ್ ಓದಿ ನ್ಯೂಜೆರ್ಸಿಗೆ ಹೋದರು. ಅಲ್ಲಿ ಆಫೀಸಿನ ಗೆಳೆಯರ ಜತೆ ಸಂಜೆ ಪೂಲ್ ಆಡುವುದು ರೂಢಿಯಾಯಿತು. ಆಟದಲ್ಲಿ ಕೈ ಕುದುರಲಿಲ್ಲ, ಕಣ್ಣು ಕುದುರಿತು. ಈಗ ಅವರ ಮನೆಯ ನೆಲಮಾಳಿಗೆಯಲ್ಲಿ ಒಂದು ಬೀರು ಇದೆ. ಅದರಲ್ಲಿ ಚರ್ಮದ ಉದ್ದುದ್ದ ಡಬ್ಬಿಗಳು. ಒಂದೊಂದರಲ್ಲಿ ಒಂದು ಹಿಡಿ, ಅದಕ್ಕೆ ತಿರುಚಿ ಕೂಡಿಸುವ ಮುಂದಿನ ತುಂಡು, ಅಂದರೆ ಶಾಫ್ಟ್, ಎರಡು. ಒಂದು ಹಿಡಿಗೆ ಎರಡು ಶಾಫ್ಟ್ ಮಾಡಿಕೊಡುವುದು ಅಲ್ಲಿನ ಪದ್ಧತಿ. ಹಳೆಯ ಕ್ಯೂ ಮಾರಾಟಕ್ಕೆ ಬಂದಾಗ ಎರಡೂ ಮೂಲದವೇ ಇದ್ದರೆ ಬೆಲೆ ಏರುತ್ತದೆ, ಒಂದು ಕಳೆದುಹೋಗಿದ್ದರೆ ಇಳಿಯುತ್ತದೆ.

ನಾನು ಅವರ ಮನೆಗೆ ಹೋಗಿದ್ದಾಗ, ಒಂದು ಕ್ಯೂ ಹೊರತೆಗೆಯುವ ಮೊದಲು ಭಾವ ಸಾಬೂನಿನಲ್ಲಿ ಕೈ ತೊಳೆದು ಒರೆಸಿಕೊಂಡರು. ನನ್ನ ಕೈಯನ್ನೂ ನೋಡಿದರು. ಹಿಡಿಗೆ ಶಾಫ್ಟನ್ನು ತಿರುಚಿ ಕೂಡಿಸಿದರು. ಕೊನೆಯ ಸುತ್ತಿನಲ್ಲಿ ಸ್ಕ್ರೂ ಕಚ್ಚಿಕೊಂಡದ್ದು ಕಿವಿಗೆ ಕೇಳಿಸಿತು. ಆಮೇಲೆ ಅದನ್ನು ಟೇಬಲ್ಲಿನ ಮೇಲೆ ಅಡ್ಡಲಾಗಿ ಮಲಗಿಸಿ ಮೆಲ್ಲಗೆ ಉರುಳಿಸಿದರು. "ಬಗ್ಗಿ ನೋಡಯ್ಯ, ಶಾಫ್ಟಿನ ಕೆಳಗೆ ಬೆಳಕಿನ ಗೆರೆ ಕಾಣುತ್ತದಲ್ಲ? ಅದು ಒಂದೇ ಸಮ ಇದ್ದರೆ ಕೋಲು ನೇರ. ದಪ್ಪ ಸಣ್ಣ ಆಗುತ್ತಾ ಕುಣಿದರೆ ಡೊಂಕು." ನಾನು ಟೇಬಲ್ಲಿನ ಅಂಚಿಗೆ ಗಲ್ಲವೂರಿ ನೋಡಿದೆ. ಗೆರೆ ಕುಣಿಯಲಿಲ್ಲ. ಕುಣಿದಿದ್ದರೆ ಹೇಳುವ ಧೈರ್ಯ ನನಗಿತ್ತೋ ಇಲ್ಲವೋ ಅದು ಬೇರೆ ಮಾತು.

ಈ ಲೋಕದಲ್ಲಿ ಎಲ್ಲರೂ ಕೈಮುಗಿಯುವ ಹೆಸರು ಜಾರ್ಜ್ ಬಾಲಬುಷ್ಕಾ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ 1924ರಲ್ಲಿ ತಂದೆತಾಯಿಯ ಜತೆ ನ್ಯೂಯಾರ್ಕಿಗೆ ಬಂದವನು. ಮರಗೆಲಸ ಕಲಿತು ಅದರಲ್ಲೇ ಜೀವನ ಸಾಗಿಸಿದ. 1959ರಲ್ಲಿ ಪಾಲುದಾರನೊಬ್ಬನ ಜತೆ ಪೂಲ್ ಹಾಲ್ ಕೊಂಡ. ಆ ವರ್ಷವೇ ಕ್ರಿಸ್‌ಮಸ್ಸಿಗೆ ಗೆಳೆಯರಿಗೆ ಉಡುಗೊರೆಯಾಗಿ ಕೊಡಲೆಂದು ಒಂದಿಷ್ಟು ಕ್ಯೂ ಮಾಡಿದ. ಪಡೆದವರು ಸುಮ್ಮನಿರಲಿಲ್ಲ, ಆಡಿದರು. ಆಡಿದ್ದನ್ನು ನೋಡಿದವರು ತಮಗೂ ಬೇಕೆಂದರು. ಬ್ರೂಕ್ಲಿನ್ನಿನ ಮನೆಯ ಗ್ಯಾರೇಜೇ ಕಾರ್ಖಾನೆಯಾಯಿತು. 1975ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ತನಕ ಅವನು ಮಾಡಿದ ಕ್ಯೂಗಳು ಸಾವಿರದಿಂದ ಸಾವಿರದಿನ್ನೂರು ಎಂದು ಬಲ್ಲವರ ಅಂದಾಜು. ಪಿಟೀಲಿಗೆ ಸ್ಟ್ರಾಡಿವೇರಿ ಹೇಗೋ ಕ್ಯೂಗೆ ಇವನು ಹಾಗೆ ಎಂದು ಅಲ್ಲಿಯವರು ಹೇಳಿ ಹೇಳಿ ಸವೆಸಿದ್ದಾರೆ.

ನನಗೆ ಹೆಚ್ಚು ಹಿಡಿಸಿದ ಸಂಗತಿ ಇನ್ನೊಂದು. ಬಾಲಬುಷ್ಕಾ ಆರಂಭದ ಕ್ಯೂಗಳನ್ನು ಕಚ್ಚಾ ಮರದಿಂದ ಮಾಡುತ್ತಿರಲಿಲ್ಲ. ಬ್ರನ್ಸ್‌ವಿಕ್ ಕಂಪನಿ ಪೂಲ್ ಹಾಲುಗಳಿಗೆಂದು 'ಟೈಟ್‌ಲಿಸ್ಟ್' ಎಂಬ ಇಡೀ ಕೋಲುಗಳನ್ನು ತಯಾರಿಸಿ ಮಾರುತ್ತಿತ್ತು. ಗೋಡೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರುವ, ಬಂದವರು ಹೋದವರು ಯಾರು ಬೇಕಾದರೂ ಎತ್ತಿಕೊಂಡು ಆಡುವ ಕೋಲು. ಅದರ ಮರ ಮಾತ್ರ ಒಳ್ಳೆಯದು, ಮೇಪಲ್ಲಿಗೂ ಕಪ್ಪು ಮರಕ್ಕೂ ಹಾಕಿದ ಬೆಸುಗೆ ಭದ್ರ. ಬಾಲಬುಷ್ಕಾ ಅದನ್ನು ತಂದು, ನಡುವೆ ಕತ್ತರಿಸಿ, ಸ್ಕ್ರೂ ಕೂರಿಸಿ, ಮತ್ತೆ ಕಡೆದು ತನ್ನದಾಗಿಸುತ್ತಿದ್ದ. ಅವನಿಗಿಂತ ಮೊದಲು ಷಿಕಾಗೊದಲ್ಲಿ ಹರ್ಮನ್ ರಾಂಬೋ ಎಂಬ ಹಿರಿಯ ಕೂಡ ಇದೇ ದಾರಿಯಲ್ಲಿ ಹೆಸರು ಮಾಡಿದ್ದ. ಬ್ರನ್ಸ್‌ವಿಕ್ಕಿನಲ್ಲೇ ವರ್ಷಾನುಗಟ್ಟಲೆ ದುಡಿದವನು ಅವನು. ಹೀಗಾಗಿ ಇವತ್ತು ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿರುವ ಎಷ್ಟೋ ಕ್ಯೂಗಳ ಒಳಗಿನ ಮರ ಸಾರ್ವಜನಿಕ ಕೋಲಿನದು. ಹಳೆಯ ಪೂಲ್ ಹಾಲು ಮುಚ್ಚುವಾಗ ಗೋಡೆಯ ಟೈಟ್‌ಲಿಸ್ಟುಗಳನ್ನು ಕೊಳ್ಳಲು ಈಗಲೂ ಜನ ಓಡುತ್ತಾರೆ. ಭಾವನ ಬಳಿಯೂ ಅಂಥದ್ದೊಂದಿದೆ. ತುದಿ ಒಡೆದಿದೆ, ಬುಡಕ್ಕೆ ಯಾರೋ ಮೊಳೆ ಹೊಡೆದಿದ್ದಾರೆ, ಆದರೂ ಅದನ್ನು ಹೊರಗೆ ಇಡುವುದಿಲ್ಲ.

ಆಮೇಲೆ ಬಾಲಬುಷ್ಕಾ ಷಿಕಾಗೊದ ಬರ್ಟನ್ ಸ್ಪೇನ್ ಮತ್ತು ಪೆನ್ಸಿಲ್ವೇನಿಯಾದ ಗಸ್ ಸಾಂಬೋಟಿ ಇವರಿಂದ ಬೆಸುಗೆ ಹಾಕಿದ ಮರ ತರಿಸಿಕೊಂಡ. ಈ ಸಾಂಬೋಟಿ ಕೂಡ ದೊಡ್ಡ ಹೆಸರೇ. 1988ರಲ್ಲಿ ತೀರಿಕೊಂಡ, ಮಗ ಬ್ಯಾರಿ ಆ ಕೆಲಸ ಮುಂದುವರಿಸಿದ. ಹಾಗಾಗಿ ಒಂದೇ ಕ್ಯೂನಲ್ಲಿ ಇಬ್ಬರು ಘಟಾನುಘಟಿಗಳ ಕೈ ಇರುವುದುಂಟು. ಅಂಥದ್ದು ಸಿಕ್ಕಿದರೆ ಸಂಗ್ರಹಕಾರನಿಗೆ ನಿದ್ದೆ ಬರುವುದಿಲ್ಲ. ಹೆಂಡತಿಗೂ.

ಬೆಸುಗೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಕ್ಯೂನ ಹಿಡಿಯ ಮೇಲ್ಭಾಗದಲ್ಲಿ, ಬಿಳಿ ಮೇಪಲ್ ಮರದೊಳಕ್ಕೆ ನಾಲ್ಕು ಕಪ್ಪು ಈಟಿಗಳು ಚುಚ್ಚಿಕೊಂಡು ಹೋದ ಹಾಗೆ ಕಾಣುತ್ತದೆ. ಈಟಿಯ ಅಂಚಿಗೆ ಹಸಿರು, ಕಿತ್ತಳೆ, ಬಿಳಿ ಎಂದು ಬಣ್ಣದ ಸೆರಗುಗಳು. ನಾನು ಅದನ್ನು ಯಾರೋ ಉಳಿಯಿಂದ ಈಟಿಯಂತೆ ಕೆತ್ತಿ ಕೂರಿಸಿದ್ದಾರೆ ಎಂದೇ ತಿಳಿದಿದ್ದೆ. ಈಟಿ ಯಾರೂ ಕೆತ್ತುವುದಿಲ್ಲ. ಚೌಕದ ಮೇಪಲ್ ತುಂಡಿನ ಮಗ್ಗುಲಲ್ಲಿ ವಿ ಆಕಾರದ ಉದ್ದ ಕಚ್ಚು ಹಾಕುತ್ತಾರೆ. ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಗೆ ಹೋಗುತ್ತಾ ಮೇಲೆ ತೇಲಿಬಿಡುತ್ತದೆ. ಅದರಲ್ಲಿ ರಟ್ಟಿನಷ್ಟು ತೆಳುವಾದ ಬಣ್ಣದ ಮರದ ಹಾಳೆಗಳನ್ನು ಮಡಿಸಿಟ್ಟು, ಮೇಲೆ ಎಬೊನಿಯದೋ ಬೀಟೆಯದೋ ಚೌಕದ ಪಟ್ಟಿಯನ್ನು ಅಂಟು ಹಾಕಿ ಬಿಗಿಯುತ್ತಾರೆ. ನಾಲ್ಕೂ ಮಗ್ಗುಲಿಗೆ ಹೀಗೆ. ಒಣಗಿದ ಮೇಲೆ ನೋಡಿದರೆ ಅದು ಸೌದೆ ಒಟ್ಟಿದ ಹಾಗಿರುತ್ತದೆ. ಲೇತಿಗೆ ಹಾಕಿ ದುಂಡಗೆ ಕಡೆಯುತ್ತಾ ಹೋದರೆ ಚೌಕದ ಪಟ್ಟಿ ಮೇಲಿನಿಂದ ಸವೆದು, ಕಚ್ಚು ತೇಲಿದ ಕಡೆ ಚೂಪಾಗಿ, ತಾನಾಗಿ ಈಟಿಯಾಗುತ್ತದೆ. ಕಚ್ಚಿನ ಆಳದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಒಂದು ಈಟಿ ಗಿಡ್ಡ, ಒಂದು ಉದ್ದ.

ಈಚಿನ ಕಂಪ್ಯೂಟರ್ ಯಂತ್ರಗಳು ಬೇಕಾದ ಚಿತ್ತಾರವನ್ನು ಕೊರೆದು ಕೊಡುತ್ತವೆ. ಆದರೆ ಯಂತ್ರದ ಕೊರೆಯುವ ಮೊನೆ ಗುಂಡಗಿರುವುದರಿಂದ ಅದು ಮಾಡಿದ ಮೂಲೆಗಳೂ ತುಸು ಗುಂಡಗೇ ಉಳಿಯುತ್ತವೆ. ಕಚ್ಚು ಹಾಕಿ ಕಡೆದ ಈಟಿಯ ಚೂಪು ಬರುವುದಿಲ್ಲ. ಭಾವ ಭೂತಗನ್ನಡಿ ಹಿಡಿದು ಹುಡುಕುವುದು ಆ ಚೂಪನ್ನೇ. ನನಗೆ ಅನಿಸುವುದೇನೆಂದರೆ, ಆನೆ, ಡ್ರ್ಯಾಗನ್, ಬೆಳ್ಳಿಯ ಬಳ್ಳಿ ಎಲ್ಲ ತುಂಬಿದ ಇಂದಿನ ಭಾರಿ ಕ್ಯೂಗಳು ಮದುವೆ ಮಂಟಪಕ್ಕೆ ಸರಿ. ನಾಲ್ಕು ಈಟಿ, ಒಂದೆರಡು ಮುತ್ತಿನ ಚಿಪ್ಪಿನ ಚುಕ್ಕೆ, ಅಷ್ಟರಲ್ಲೇ ಮುಗಿಸಿದ ಬಾಲಬುಷ್ಕಾನ ಕೆಲಸದ ಮುಂದೆ ಅವು ನಿಲ್ಲುವುದಿಲ್ಲ.

ಶಾಫ್ಟಿನ ಕತೆ ಇನ್ನೂ ನಿಧಾನದ್ದು. ಗಟ್ಟಿ ಮೇಪಲ್ಲಿನ ಕೋಲನ್ನು ಒಂದೇ ಸಲಕ್ಕೆ ಕಡೆದರೆ ಮರದೊಳಗಿನ ಎಳೆತ ಬಿಚ್ಚಿಕೊಂಡು ಸೊಟ್ಟಗಾಗುತ್ತದೆ. ಅದಕ್ಕೇ ಒಂದು ಸುತ್ತು ಕಡೆದು ನೇತುಹಾಕುತ್ತಾರೆ, ತಿಂಗಳುಗಟ್ಟಲೆ ಬಿಡುತ್ತಾರೆ, ಮತ್ತೊಂದು ಸುತ್ತು ಕಡೆಯುತ್ತಾರೆ. ಕೊನೆಗೆ ತುದಿಯಲ್ಲಿ 13 ಮಿಲಿಮೀಟರ್ ಆಸುಪಾಸು ಉಳಿಯಬೇಕು. ನಡುವೆ ಬಾಗಿದ್ದನ್ನು ಕೈಬಿಡಬೇಕು. ಆತುರದವರ ಕಸುಬಲ್ಲ ಇದು.

ಹಿಡಿಯ ಸುತ್ತ ಸುತ್ತುವ ದಾರದಲ್ಲೂ ವಿಶೇಷವಿದೆ. ಐರಿಷ್ ಲಿನನ್ ಎಂದು ಸಂಗ್ರಹಕಾರರು ಗೌರವದಿಂದ ಹೇಳುವ ಆ ದಾರ ಮೂಲದಲ್ಲಿ ಮೀನು ಹಿಡಿಯುವ ಗಾಳದ ದಾರ. ನೈಲಾನ್ ಬಂದ ಮೇಲೆ ಬೆಸ್ತರು ಅದನ್ನು ಬಿಟ್ಟರು, ಕ್ಯೂ ಮಾಡುವವರು ಬಿಡಲಿಲ್ಲ. ಬೆವರನ್ನು ಹೀರಿಕೊಳ್ಳುತ್ತದೆ, ಜಾರುವುದಿಲ್ಲ. ಕಾರ್ಟ್‌ಲ್ಯಾಂಡ್ ಕಂಪನಿಯ ಹಳೆಯ ಗಾಳದ ದಾರದ ಉರುಳೆ ಎಲ್ಲಾದರೂ ಸಿಕ್ಕರೆ ಈಗಲೂ ಹಬ್ಬ.

1986ರಲ್ಲಿ ಮಾರ್ಟಿನ್ ಸ್ಕಾರ್ಸೆಸಿಯ 'ದಿ ಕಲರ್ ಆಫ್ ಮನಿ' ಬಂತು. ಪಾಲ್ ನ್ಯೂಮನ್ನನ ಪಾತ್ರ, ಟಾಮ್ ಕ್ರೂಸನ ಪಾತ್ರಕ್ಕೆ ಒಂದು ಬಾಲಬುಷ್ಕಾ ಕೊಡುತ್ತದೆ. ಅಲ್ಲಿಯ ತನಕ ಪೂಲ್ ಹಾಲಿನ ಹೊರಗೆ ಯಾರಿಗೂ ಗೊತ್ತಿಲ್ಲದ ಹೆಸರು ಮನೆಮಾತಾಯಿತು. ತಮಾಷೆಯೆಂದರೆ, ತೆರೆಯ ಮೇಲೆ ಕ್ರೂಸ್ ಗರಗರ ತಿರುಗಿಸುವುದು ಬಾಲಬುಷ್ಕಾ ಅಲ್ಲವೇ ಅಲ್ಲ, ಅದರಂತೆ ಕಾಣುವ ಜಾಸ್ ಕಂಪನಿಯ ಕ್ಯೂ. ಮಾಡಿದವನು ಸತ್ತು ಹನ್ನೊಂದು ವರ್ಷದ ಮೇಲೆ, ಅವನು ಮುಟ್ಟದ ಕೋಲಿನಿಂದ ಅವನ ಕೋಲುಗಳ ಬೆಲೆ ಏರಿತು! ಭಾವ ಆ ಸಿನಿಮಾ ಹಾಕಿದಾಗಲೆಲ್ಲ ಆ ದೃಶ್ಯಕ್ಕೆ ನಿಲ್ಲಿಸಿ, "ನಿಜವಾದದ್ದನ್ನು ಹೀಗೆ ತಿರುಗಿಸಿದ್ದರೆ ನನಗೆ ಎದೆ ನಿಂತುಹೋಗುತ್ತಿತ್ತು" ಎನ್ನುತ್ತಾರೆ.

ಬೆಲೆ ಬಂದ ಕಡೆ ನಕಲಿಯೂ ಬರುತ್ತದೆ. ಸಹಿ ನೋಡಿ ನಂಬುವ ಹಾಗಿಲ್ಲ, ಸಹಿ ಹಾಕುವುದು ಸುಲಭ. ಅದಕ್ಕೆ ಸ್ಕ್ರೂವಿನ ಮಾದರಿ, ಉಂಗುರಗಳ ಅಳತೆ, ಬುಡದ ರಬ್ಬರು ಕೂಡ ಪರೀಕ್ಷೆಗೆ ಬೀಳುತ್ತವೆ. ಬಲ್ಲವರಿಂದ ಒಂದು ಪತ್ರ ಬರೆಸಿಕೊಂಡು ಕ್ಯೂ ಜತೆ ಇಡುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಹಳೆಯದಾಯಿತೆಂದು ಉಜ್ಜಿ ಹೊಸ ಪಾಲಿಶ್ ಹೊಡೆಸಿದರೆ ಬೆಲೆ ಬೀಳುತ್ತದೆ. ಮೊದಲ ಪಾಲಿಶ್ ಹಳದಿಗಟ್ಟಿರಲಿ, ಸಣ್ಣ ಬಿರುಕು ಬಿಟ್ಟಿರಲಿ, ಅದೇ ಇರಬೇಕು. ಶಾಫ್ಟನ್ನು ಮರಳುಕಾಗದದಿಂದ ತಿಕ್ಕಿ ಸಣ್ಣ ಮಾಡಿದ್ದರಂತೂ ಕೇಳುವವರೇ ಇಲ್ಲ. ಆಡಿದರೆ ತಿಕ್ಕಬೇಕಾಗುತ್ತದೆ, ಚಾಕಿನ ನೀಲಿ ಬಿಳಿಯ ಮರಕ್ಕೆ ಇಳಿಯುತ್ತದೆ. ಆದ್ದರಿಂದ ಆಡದಿರುವುದೇ ಒಳ್ಳೆಯದು. ಭಾವ ಆಡುವುದು ಅಂಗಡಿಯಲ್ಲಿ ಕೊಂಡ ಕಾರ್ಖಾನೆಯ ಕ್ಯೂನಲ್ಲಿ. ನನಗೂ ಅದನ್ನೇ ಕೊಟ್ಟರು.

"ಆಡದ ಕೋಲಿಗೆ ಇಷ್ಟು ದುಡ್ಡು ಸುರಿಯುತ್ತಾರಲ್ಲ, ನೀನೇ ಕೇಳು" ಎಂದು ಅಕ್ಕ ನನ್ನ ಮುಂದೆ ದೂರಿಟ್ಟಳು. ಭಾವ ಮಾತಾಡಲಿಲ್ಲ, ಮೇಲಿನ ಕೋಣೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಅಕ್ಕನ ಕಪಾಟಿನಲ್ಲಿ, ಪಂಚೆಯ ಬಟ್ಟೆಯಲ್ಲಿ ಸುತ್ತಿಟ್ಟ ಮೈಸೂರು ಸಿಲ್ಕುಗಳಿವೆ. ಜರಿ ಕಪ್ಪಾಗಬಾರದೆಂದು ಉಡುವುದಿಲ್ಲ, ಮಡಿಕೆ ಹರಿಯಬಾರದೆಂದು ಆಗಾಗ ತೆಗೆದು ಮಡಿಕೆ ಬದಲಿಸಿ ಮತ್ತೆ ಇಡುತ್ತಾಳೆ. ಕ್ಯೂಗಳೂ ಹಾಗೇ, ವರ್ಷಕ್ಕೆ ನಾಲ್ಕು ಸಲ ಹೊರಗೆ ಬಂದು, ಉರುಳಿ, ಒಳಗೆ ಹೋಗುತ್ತವೆ. ಅಕ್ಕ "ಸೀರೆ ಬೇರೆ" ಎಂದಳು. ಹೇಗೆ ಬೇರೆ ಎಂದು ಕೇಳುವ ವಯಸ್ಸು ನನ್ನದಲ್ಲ, ತಮ್ಮ ನಾನು.

ಬೀರುವಿನ ಮೂಲೆಯಲ್ಲಿ ಇನ್ನೊಂದು ಡಬ್ಬಿ ಇತ್ತು. ಅದನ್ನು ತೆರೆಯುವಾಗ ಭಾವನ ಮುಖ ಸಪ್ಪಗಾಯಿತು. ಕ್ಯೂ ಚೆನ್ನಾಗಿಯೇ ಇದೆ, ಆದರೆ ಅದರ ಜೋಡಣೆಯ ಉಂಗುರವೂ ತುದಿಯ ಕಟ್ಟೂ ಆನೆದಂತದವು. ಹಳೆಯ ಉತ್ತಮ ಕ್ಯೂಗಳಲ್ಲಿ ದಂತ ಸಾಮಾನ್ಯ. ನ್ಯೂಜೆರ್ಸಿ ರಾಜ್ಯ 2014ರಲ್ಲಿ ದಂತದ ಮಾರಾಟವನ್ನೇ ನಿಷೇಧಿಸಿತು. 2016ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವೂ ಆಫ್ರಿಕಾ ಆನೆಯ ದಂತದ ವ್ಯಾಪಾರವನ್ನು ಬಹುಮಟ್ಟಿಗೆ ಮುಚ್ಚಿತು. ಈಗ ಭಾವ ಅದನ್ನು ತಮ್ಮ ರಾಜ್ಯದಲ್ಲಿ ಮಾರುವ ಹಾಗಿಲ್ಲ, ಇಟ್ಟುಕೊಳ್ಳಬಹುದು, ಉಯಿಲಿನಲ್ಲಿ ಮಗಳಿಗೆ ಬಿಡಬಹುದು. ಮಗಳಿಗೆ ಪೂಲ್ ಎಂದರೆ ಈಜುಕೊಳ.

ದಂತಕ್ಕೆ ಬಿದ್ದ ಈ ತಡೆ ನಮಗೆ ಹೊಸದಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು ತಲೆತಲಾಂತರದಿಂದ ದಂತವನ್ನೇ ಕೂರಿಸುತ್ತಿದ್ದವರು. ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಲ್ಲಿ ಅದನ್ನು ಇವತ್ತಿಗೂ ನೋಡಬಹುದು. ದಂತ ನಿಂತ ಮೇಲೆ ಅವರು ಬೇರೆ ಬೇರೆ ಬಣ್ಣದ ಮರಕ್ಕೂ ಬಿಳಿಯ ಪ್ಲಾಸ್ಟಿಕ್ಕಿಗೂ ಹೊರಳಿದರು. ಅಮೆರಿಕದ ಕ್ಯೂ ಮಾಡುವವರೂ ಈಗ ದಂತದಂತೆ ಕಾಣುವ ಕೃತಕ ವಸ್ತುಗಳನ್ನು ಹಾಕುತ್ತಾರೆ. ಹಳಬರು ಚೆಂಡಿಗೆ ಬಡಿದ ಸದ್ದೇ ಬೇರೆ ಎಂದು ಗೊಣಗುತ್ತಾರೆ. ಗೊಣಗಲಿ. ಒಂದು ಕಾಲದಲ್ಲಿ ಚೆಂಡುಗಳೂ ದಂತದವೇ ಆಗಿದ್ದವು, ಒಂದೊಂದು ಆನೆಯಿಂದ ಕೆಲವೇ ಚೆಂಡು. 1869ರಲ್ಲಿ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡಿನ ಹಾದಿ ಹಿಡಿದದ್ದು ಆ ದಂತಕ್ಕೆ ಬದಲಿ ಹುಡುಕುವಾಗಲೇ. ಆಟ ನಿಂತುಹೋಗಲಿಲ್ಲ. ಮಲೆನಾಡಿನಲ್ಲಿ ಆನೆ ಬಂದ ಗದ್ದೆಯನ್ನೂ ನೋಡಿದ್ದೇನೆ, ಆನೆ ಸತ್ತು ಬಿದ್ದದ್ದನ್ನೂ ನೋಡಿದ್ದೇನೆ. ಕೋಲಿನ ತುದಿಯ ಬೆರಳಗಲದ ಉಂಗುರಕ್ಕಾಗಿ ನನಗೆ ಅಳು ಬರುವುದಿಲ್ಲ. ಭಾವನಿಗೂ ಇದನ್ನು ಹೇಳಿದೆ. ಅವರು ಒಪ್ಪಿದರು, ಆದರೆ ಡಬ್ಬಿಯನ್ನು ಮತ್ತಷ್ಟು ಜೋಪಾನವಾಗಿ ಮುಚ್ಚಿದರು.

ಈಗಿನ ಕುಶಲಕರ್ಮಿಗಳಿಂದ ಹೊಸದನ್ನು ಮಾಡಿಸಿಕೊಳ್ಳಬಾರದೇ ಎಂದು ಕೇಳಿದೆ. ಮಾಡಿಸಬಹುದು, ಕಾಯಬೇಕು. ಲಾಸ್ ವೇಗಸ್ಸಿನಲ್ಲಿ ಜೆರ್ರಿ ಫ್ರಾಂಕ್ಲಿನ್ ಕಟ್ಟಿದ ಸೌತ್‌ವೆಸ್ಟ್ ಎಂಬ ಕಾರ್ಯಾಗಾರವಿದೆ. ಅವನು ತೀರಿಕೊಂಡ ಮೇಲೆ ಹೆಂಡತಿ ಲೋರಿ ನಡೆಸಿಕೊಂಡು ಬಂದಳು. ಅಲ್ಲಿ ಹೆಸರು ಬರೆಸಿದವರು ಹತ್ತು ವರ್ಷಕ್ಕೂ ಮೀರಿ ಕಾಯುವುದು ಪ್ರಸಿದ್ಧ. ಭಾವ ಬೇರೊಬ್ಬ ಕಡಿಮೆ ಹೆಸರಿನ ಕುಶಲಕರ್ಮಿಯಲ್ಲಿ ಬರೆಸಿದ್ದಾರೆ, ಆದರೂ ಅವರ ಸರದಿ ಹತ್ತಿರದಲ್ಲಿಲ್ಲ. ಮರ ಯಾವುದು, ಈಟಿ ಎಷ್ಟು, ಸೆರಗಿನ ಬಣ್ಣ ಏನು ಎಂದೆಲ್ಲ ಕಾಗದದಲ್ಲಿ ತುಂಬಿ ಕಳಿಸಿದ್ದರಂತೆ. ತಿಂಡಿಗೆ ಕೂತಾಗ ಅಕ್ಕ ದೋಸೆ ಮಗುಚುತ್ತಾ, "ರೀ, ಅದು ಕೈಗೆ ಬರುವ ಹೊತ್ತಿಗೆ ನಿಮಗೆ ಎಪ್ಪತ್ತು ದಾಟಿರುತ್ತೆ, ಎತ್ತಕ್ಕಾಗುತ್ತಾ?" ಎಂದು ಕೇಳಿದಳು.

ಭಾವ ಚಟ್ನಿ ಹಾಕಿಕೊಳ್ಳುತ್ತಾ ಹೇಳಿದರು: "ಅದಕ್ಕೇ ಹತ್ತೊಂಬತ್ತು ಔನ್ಸ್ ಇದ್ದದ್ದನ್ನು ಹೊಡೆದುಹಾಕಿ ಹದಿನೆಂಟು ಅಂತ ಬರೆದಿದ್ದೀನಿ."